ಹರಿಗೋಲೂ ಹಡಗೂ

ಸಿಂಧನೂರಿನವರಿಗೆ ಕಡಲು ದೂರದ ಮಾತು. ನಮ್ಮ ನೀರೆಂದರೆ ತುಂಗಭದ್ರೆ. ನಮ್ಮ ನಾವೆಯೆಂದರೆ ಹರಿಗೋಲು. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದೆಂದು ವರ್ಷ ವರ್ಷವೂ ಪಾಠ ಹೇಳುತ್ತ ಬಂದವನು ನಾನು. ಆದರೆ ಸಮುದ್ರದ ಮೇಲೆ ಕುಳಿತದ್ದು ಒಮ್ಮೆ ಮಾತ್ರ.

ಕೂರ್ಮಗಡದ ನರಸಿಂಹ ದೇವರ ಜಾತ್ರೆಗೆಂದು ಕಾರವಾರದ ಗೆಳೆಯರು ಕರೆದಿದ್ದರು. ದರ್ಶನ ಮುಗಿಸಿ ಯಂತ್ರದ ದೋಣಿಯಲ್ಲಿ ಹಿಂದಿರುಗುತ್ತಿದ್ದೆವು. ದೂರದಲ್ಲಿ ಮನೆಯಷ್ಟು ಕಾಣುತ್ತಿದ್ದ ಸರಕಿನ ಹಡಗೊಂದು ನೋಡನೋಡುತ್ತಿದ್ದಂತೆ ಮುದಗಲ್ಲಿನ ಕೋಟೆಗೋಡೆಯಂತೆ ಎದುರು ನಿಂತಿತು. ನಾನು ಗಾಬರಿಯಿಂದ ಎದ್ದೆ.

“ಮಾಸ್ತರ್ರೇ, ಕೂತ್ಕೊಳ್ಳಿ. ಅವರಿಗೆ ನಾವು ಕಾಣೂದಿಲ್ಲ” ಎಂದ ತಾಂಡೇಲ.

ಮಾತು ನಿಜ. ಹಡಗು ನಡೆಸುವವರು ಎತ್ತರದಲ್ಲಿ, ಬಹುಮಟ್ಟಿಗೆ ಹಿಂಭಾಗದಲ್ಲಿರುತ್ತಾರೆ; ಮುಂದಿನ ನೀರನ್ನು ಹಡಗಿನ ಒಡಲೇ ಅವರಿಗೆ ಮರೆಮಾಡುತ್ತದೆ. ಯಂತ್ರ ನಿಲ್ಲಿಸಿದರೂ ಅಂಥ ಹಡಗು ಬಹುದೂರ ಹೋಗಿಯೇ ನಿಲ್ಲುವುದು. ಆಳವಿರುವ ಕಾಲುವೆ ಬಿಟ್ಟು ಅದು ಅತ್ತಿತ್ತ ಸರಿಯುವಂತಿಲ್ಲ. ಆದ್ದರಿಂದ ಇಕ್ಕಟ್ಟಾದ ಹಾದಿಯಲ್ಲಿ 20 ಮೀಟರಿಗಿಂತ ಚಿಕ್ಕ ದೋಣಿಗಳು ಅಂಥ ಹಡಗಿಗೆ ಅಡ್ಡಿಯಾಗಬಾರದೆಂದು 1972ರ ಅಂತರರಾಷ್ಟ್ರೀಯ ನಿಯಮವೇ ಇದೆ. ನಮ್ಮ ತಾಂಡೇಲ ದೋಣಿಯನ್ನು ಬದಿಗೆ ಸರಿಸಿದ. ಹಡಗು ದಾಟಿದ ಮೇಲೆ ಅದರ ಅಲೆಗಳು ಬಂದವು. ಓಡಿಹೋಗುವನೆಂದುಕೊಂಡರೆ, ಅವನು ವೇಗ ತಗ್ಗಿಸಿ ದೋಣಿಯ ಮೂತಿಯನ್ನು ಅಲೆಗಳತ್ತಲೇ ತಿರುಗಿಸಿದ. ಪಕ್ಕೆಗೆ ಬಡಿದರೆ ಮಗುಚುತ್ತದೆ, ಎದುರಿಗೆ ಕೊಟ್ಟರೆ ಏರಿ ಇಳಿಯುತ್ತದೆ ಎಂದು ಆಮೇಲೆ ವಿವರಿಸಿದ.

ದಕ್ಷಿಣದ ಗುಡ್ಡಗಳ ಆಚೆ ಅಂಜದೀವವಿದೆಯೆಂದು ಅವನೇ ಕೈ ತೋರಿದ. ಇಂದು ಆ ದ್ವೀಪ ನೌಕಾಪಡೆಯ ವಶದಲ್ಲಿದೆ. 1498ರ ಸೆಪ್ಟೆಂಬರಿನಲ್ಲಿ, ಕಲ್ಲಿಕೋಟೆಯಿಂದ ಮರಳುತ್ತಿದ್ದ ವಾಸ್ಕೋ ಡ ಗಾಮನ ಹಡಗುಗಳು ತಂಗಿದ್ದು ಅಲ್ಲಿಯೇ. ಇಂದಿನ ಲೆಕ್ಕಕ್ಕೆ ಅವು ಚಿಕ್ಕವು, ನೂರು ಅಡಿಯ ಆಸುಪಾಸಿನವು. ಆದರೆ ಅವುಗಳಲ್ಲಿ ಫಿರಂಗಿಗಳಿದ್ದವು. ಚಿಕ್ಕ ದೋಣಿಯವನು ದೊಡ್ಡ ಹಡಗನ್ನು ಕಂಡಾಗ ಏನು ಮಾಡಬೇಕೆಂಬ ಪ್ರಶ್ನೆ ಅಂದು ನಮ್ಮ ಕರಾವಳಿಯ ಮುಂದೆ ನಿಂತಿತು.

ಕೆಲವರು ತರಕಾರಿ ಹೇರಿಕೊಂಡು ಹೋಗಿ ಮಾರಿದರು. ಗೋವೆಯ ಒಡೆಯನ ಬಳಿಯಿದ್ದ ಯೆಹೂದಿಯೊಬ್ಬ ಸ್ನೇಹದ ಮಾತಾಡುತ್ತ ಬಂದು ಸೆರೆಸಿಕ್ಕ. ಚಿತ್ರಹಿಂಸೆ ಉಂಡು, ಲಿಸ್ಬನ್ನಿಗೆ ಹೋಗಿ, ಗ್ಯಾಸ್ಪರ್ ಡ ಗಾಮನೆಂಬ ಹೆಸರು ಹೊತ್ತ. ಹೊನ್ನಾವರದ ತಿಮ್ಮಯ್ಯನ ದಾರಿಯೇ ಬೇರೆ. ಪೋರ್ಚುಗೀಸರು ‘ತಿಮೋಜ’ನೆಂದು ಬರೆದದ್ದು ಇವನನ್ನೇ. ಎಂಟು ದೋಣಿಗಳನ್ನು ಒಟ್ಟಿಗೆ ಬಿಗಿದು, ಹಸಿರು ರೆಂಬೆಗಳನ್ನು ಹೊದಿಸಿ, ತೇಲುವ ನಡುಗಡ್ಡೆಯಂತೆ ಮಾಡಿಕೊಂಡು ಅವನು ಹಡಗುಗಳ ಸಮೀಪಕ್ಕೆ ಹೋದನೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಗುಂಡು ಹಾರಿತು; ನಡುಗಡ್ಡೆ ಚದುರಿತು.

ಹನ್ನೆರಡು ವರ್ಷಗಳ ಬಳಿಕ ಅದೇ ತಿಮ್ಮಯ್ಯ ಅದೇ ಹಡಗುಗಳ ಜೊತೆಗಾರ. 1510ರಲ್ಲಿ ಬಿಜಾಪುರದವರ ಗೋವೆಯ ಮೇಲೆ ಏರಿಹೋಗಲು ಆಲ್ಬುಕರ್ಕನಿಗೆ ಸಲಹೆಯಿತ್ತವನು, ದಾರಿ ತೋರಿದವನು ಅವನು. ಗೋವೆ ತನ್ನ ಕೈಗೆ ಬರುವುದೆಂಬ ಆಸೆ ಅವನಿಗಿತ್ತು. ಅದು ಈಡೇರಲಿಲ್ಲ. ಪೋರ್ಚುಗೀಸರು ಅಲ್ಲಿಂದ ಹೊರಟದ್ದು 1961ರಲ್ಲಿ.

ಇದೆಲ್ಲ ಕರಾವಳಿಯ ಕಥೆ, ನಮ್ಮ ದೋಆಬಿಗೆ ಇದರ ಸಂಬಂಧವೇನು ಎನ್ನಬಹುದು. ಸಂಬಂಧ ಕುದುರೆಯದು. ಅರಬ್ಬೀ ನಾಡಿನ ಕುದುರೆಗಳು ಹಡಗಿನಿಂದ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೂ ಬಿಜಾಪುರಕ್ಕೂ ಹೋಗುತ್ತಿದ್ದವು. ಗೋವೆ ಹಿಡಿದವನ ಕೈಯಲ್ಲಿ ಆ ವ್ಯಾಪಾರದ ಲಗಾಮು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದಾಗ, ಕುದುರೆಗಳೊಡನೆ ಬಂದಿದ್ದ ಕ್ರಿಸ್ತೋವಾವ್ ದೆ ಫಿಗೆರೆದೊ ಎಂಬಾತ ಸುಮಾರು ಇಪ್ಪತ್ತು ಮಂದಿ ಕೋವಿಗಾರರೊಡನೆ ರಾಯನ ಪಕ್ಷದಲ್ಲಿದ್ದ. ಗೋಡೆಯ ಮೇಲೆ ತಲೆ ಎತ್ತಿದವರನ್ನು ಅವರು ಗುಂಡಿಟ್ಟು ಕೆಡವಿದರೆಂದು ನುನಿಜ್ ಬರೆದಿದ್ದಾನೆ. ಕಡಲು ಕಾಣದ ರಾಯಚೂರಿನ ಭಾಗ್ಯವನ್ನು ಬರೆಯುವಲ್ಲಿ ಕಡಲಿನ ಕೈಯೂ ಇತ್ತು.

ಅದೇ ಕಾಲದ ಪಯಸ್ ಆನೆಗೊಂದಿಯ ಬಳಿ ನಮ್ಮ ಹರಿಗೋಲನ್ನು ಕಂಡು ಬೆರಗಾದ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆಯೂ ದಾಟುತ್ತದೆ, ಹುಟ್ಟು ಹಾಕಿದರೆ ಗಿರಗಿರನೆ ತಿರುಗುತ್ತದೆ. ಹಡಗಿನಲ್ಲಿ ಬಂದ ಕುದುರೆ ಕೊನೆಗೆ ಹೊಳೆ ದಾಟಲು ಹರಿಗೋಲನ್ನೋ ತನ್ನ ಕಾಲನ್ನೋ ನಂಬಬೇಕಾಗಿತ್ತು!

ತರಕಾರಿ ಮಾರಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ತಿಮ್ಮಯ್ಯನ ಹೆಸರಿದೆ, ಅದೂ ಪರರ ನಾಲಗೆಯಲ್ಲಿ ತಿರುಚಿಕೊಂಡು. ಅವನನ್ನು ದ್ರೋಹಿಯೆನ್ನಬೇಕೇ, ಜಾಣನೆನ್ನಬೇಕೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮೊದಲಾದರೆ ಥಟ್ಟನೆ ಉತ್ತರ ಕೊಡುತ್ತಿದ್ದೆ. ಆ ಹಡಗಿನ ನೆರಳು ನನ್ನ ಮೈಮೇಲೆ ಬಿದ್ದ ಮೇಲೆ, ಉತ್ತರ ಹೇಳುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ.