ತೆಗೆಯೋ ಡಾಕ್ಟ್ರು

ಕಿಡ್ನಿ ಕಸಿಯ ಚರಿತ್ರೆ ಹೇಳುವವರೆಲ್ಲ ಜೋಸೆಫ್ ಮರ್ರೆ ಹೆಸರು ಹೇಳ್ತಾರೆ. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಿಚರ್ಡ್ ಹೆರಿಕ್ ಎಂಬ 23 ವರ್ಷದ ಯುವಕನಿಗೆ ಅವನ ಅವಳಿ ಸೋದರ ರೊನಾಲ್ಡ್‌ನ ಕಿಡ್ನಿ ಕೂರಿಸಿದವರು ಅವರು. ಕಿಡ್ನಿ ಕೆಲಸ ಮಾಡಿತು, ಲೋಕಕ್ಕೆಲ್ಲ ಸುದ್ದಿಯಾಯಿತು, 1990ರಲ್ಲಿ ಮರ್ರೆಗೆ ನೊಬೆಲ್ ಬಂತು. ಸರಿ. ಆದರೆ ಅವತ್ತು ಆ ಆಸ್ಪತ್ರೆಯಲ್ಲಿ ನಡೆದದ್ದು ಒಂದಲ್ಲ, ಎರಡು ಆಪರೇಷನ್. ಇನ್ನೊಂದು ಕೋಣೆಯಲ್ಲಿ ರೊನಾಲ್ಡ್‌ನ ಪಕ್ಕೆ ಕೊಯ್ದು ಕಿಡ್ನಿ ಬಿಡಿಸಿಕೊಟ್ಟವರು ಹಾರ್ಟ್‌ವೆಲ್ ಹ್ಯಾರಿಸನ್ ಎಂಬ ಯೂರಾಲಜಿ ಸರ್ಜನ್. ಆ ಹೆಸರು ನೆನಪಿಟ್ಟುಕೊಂಡವರು ಕಡಿಮೆ. ನಾನು ಅದನ್ನ ಹುಡುಕಿಕೊಂಡು ಹೋಗಿದ್ದು ಕಟ್ಟೆಮಳಲವಾಡಿಯ ನಮ್ಮ ದೊಡ್ಡಮ್ಮ ಕೇಳಿದ ಒಂದು ಪ್ರಶ್ನೆಯಿಂದ. ಅದನ್ನ ಆಮೇಲೆ ಹೇಳ್ತೀನಿ.

ಹ್ಯಾರಿಸನ್ ಪರಿಸ್ಥಿತಿ ಸ್ವಲ್ಪ ಯೋಚನೆ ಮಾಡಿ. ಮರ್ರೆ ಮುಂದೆ ಮಲಗಿದ್ದವನು ಸಾಯುತ್ತಿದ್ದ ರೋಗಿ. ಆಪರೇಷನ್ ಕೈಕೊಟ್ಟಿದ್ದರೂ 'ಪ್ರಯತ್ನಪಟ್ಟೆವು' ಅನ್ನಬಹುದಿತ್ತು. ಹ್ಯಾರಿಸನ್ ಮುಂದೆ ಮಲಗಿದ್ದವನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಆಪರೇಷನ್ನಿಂದ ಅವನ ದೇಹಕ್ಕೆ ಎಳ್ಳಷ್ಟೂ ಲಾಭ ಇರಲಿಲ್ಲ. ವೈದ್ಯನಾದವನು ಮೊದಲು ಹಾನಿ ಮಾಡಬಾರದು ಅನ್ನೋ ಹಳೇ ಮಾತಿಗೆ ಇದು ನೇರ ವಿರುದ್ಧ. ಹಾಗಾಗಿ ಆ ಡಾಕ್ಟರುಗಳು ಪಾದ್ರಿಗಳನ್ನೂ ಬೇರೆ ಬೇರೆ ಧರ್ಮದ ಹಿರಿಯರನ್ನೂ ಕೇಳಿಕೊಂಡು ಬಂದರು. ಇಬ್ಬರೂ ನಿಜವಾಗಿ ಒಂದೇ ಅಂಡದ ಅವಳಿಗಳೋ ಅಂತ ಖಾತ್ರಿ ಮಾಡಿಕೊಳ್ಳೋಕೆ ಒಬ್ಬನ ಚರ್ಮದ ತುಂಡನ್ನು ಇನ್ನೊಬ್ಬನಿಗೆ ಕಸಿ ಮಾಡಿ ನೋಡಿದರು. ಪೊಲೀಸ್ ಠಾಣೆಗೆ ಕಳಿಸಿ ಬೆರಳಚ್ಚು ತೆಗೆಸಿದರು. ಪತ್ರಿಕೆಯವರಿಗೆ ಸುದ್ದಿ ಸಿಕ್ಕಿದ್ದೇ ಅಲ್ಲಿಂದ.

ಆಪರೇಷನ್ನಿಗೆ ಮುಂಚೆ ನಡೆದ ಮಾತುಕತೆಯಲ್ಲಿ ರೊನಾಲ್ಡ್ ಒಂದು ಪ್ರಶ್ನೆ ಕೇಳಿದ. ಮುಂದೆ ನನ್ನ ಆರೋಗ್ಯ ಕೆಟ್ಟರೆ ಜೀವನಪೂರ್ತಿ ಈ ಆಸ್ಪತ್ರೆ ನೋಡಿಕೊಳ್ಳುತ್ತಾ ಅಂತ. ಹ್ಯಾರಿಸನ್ ಮೊದಲು ಇಲ್ಲ ಅಂದರು. ಆಮೇಲೆ ತಾವೇ ತಿರುಗಿ ಅವನನ್ನು ಕೇಳಿದರು: ನಿನಗೆ ಕಷ್ಟ ಬಂದಾಗ ಈ ಕೋಣೆಯಲ್ಲಿರೋ ಯಾರಾದರೂ ನಿನ್ನನ್ನ ನೋಡಲ್ಲ ಅಂತಾರೆ ಅನ್ಸುತ್ತಾ? ರೊನಾಲ್ಡ್‌ಗೆ ಅರ್ಥವಾಯಿತು. ತನಗಿರೋ ಭರವಸೆ ಯಾವುದೋ ಕಾಗದದ ಮೇಲಿಲ್ಲ, ಎದುರಿಗೆ ಕೂತಿರೋ ಡಾಕ್ಟರುಗಳ ಮೇಲೆ ನಿಂತಿದೆ ಅಂತ. ಈ ಪ್ರಸಂಗವನ್ನು ಆಮೇಲೆ ಹೇಳಿಕೊಂಡವರು ಮರ್ರೆಯವರೇ. ನನ್ನ ಲೆಕ್ಕದಲ್ಲಿ ಇಡೀ ಕಥೆಯಲ್ಲಿ ಮುಖ್ಯವಾದ ಗಳಿಗೆ ಇದು, 82 ನಿಮಿಷ ರಕ್ತವಿಲ್ಲದೆ ಇದ್ದ ಆ ಕಿಡ್ನಿ ಮತ್ತೆ ಕೆಂಪಗಾದ ಗಳಿಗೆ ಅಲ್ಲ.

ಬಾಸ್ಟನ್ನಿಗೂ ಎರಡು ವರ್ಷ ಮೊದಲು, 1952ರ ಕ್ರಿಸ್‌ಮಸ್ ಹೊತ್ತಿಗೆ, ಪ್ಯಾರಿಸ್ಸಿನ ನೆಕೆರ್ ಆಸ್ಪತ್ರೆಯಲ್ಲಿ ಒಬ್ಬ ತಾಯಿ ತನ್ನ 16 ವರ್ಷದ ಮಗನಿಗೆ ಕಿಡ್ನಿ ಕೊಟ್ಟಿದ್ದಳು. ಹುಡುಗ ಎತ್ತರದಿಂದ ಬಿದ್ದು ಒಂದು ಕಿಡ್ನಿ ತೆಗೆಯಬೇಕಾಗಿ ಬಂದಿತ್ತು. ತೆಗೆದ ಮೇಲೆ ನೋಡಿದರೆ ಅವನಿಗಿದ್ದದ್ದೇ ಒಂದು. ತಾಯಿ ಡಾಕ್ಟರುಗಳ ಬೆನ್ನು ಬಿದ್ದು ತನ್ನದನ್ನು ತೆಗೆಸಿಕೊಂಡಳು. ಮೂರು ವಾರ ಕೆಲಸ ಮಾಡಿ ಅದು ನಿಂತುಹೋಯಿತು, ಮಗ ಉಳಿಯಲಿಲ್ಲ. ದೇಹ ತನ್ನದಲ್ಲದ್ದನ್ನು ಹೊರಗೆ ತಳ್ಳುತ್ತೆ, ತಡೆಯೋ ಔಷಧಿ ಆಗ ಇರಲಿಲ್ಲ. ಅವಳಿಗಳಲ್ಲಿ ಗೆದ್ದದ್ದೂ ಅದಕ್ಕೇ.

ನಮ್ಮ ದೇಶಕ್ಕೆ ಬಂದರೆ, ಜೀವಂತ ದಾನಿಯಿಂದ ಪಡೆದ ಕಿಡ್ನಿಯ ಕಸಿ ಯಶಸ್ವಿಯಾಗಿದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ನಮ್ಮ ಕಡೆ ಹಳಬರ ಬಾಯಲ್ಲಿ ದೊಡ್ಡ ಕಾಯಿಲೆ ಅಂದರೆ 'ವೆಲ್ಲೂರಿಗೆ ಕರ್ಕೊಂಡೋಗಿ' ಅನ್ನೋ ಮಾತು ಇವತ್ತೂ ಇದೆ. ಆ ಕಾಲದಲ್ಲಿ ಕೊಡುವವರು ಮನೆಯವರೇ ಆಗಿರಬೇಕಿತ್ತು, ಯಾಕಂದ್ರೆ ಹೊರಗಿನವರ ಕಿಡ್ನಿ ಉಳಿಯೋ ಸಾಧ್ಯತೆ ಕಡಿಮೆ. 1980ರ ದಶಕದಲ್ಲಿ ಸೈಕ್ಲೋಸ್ಪೊರಿನ್ ಅನ್ನೋ ಔಷಧಿ ಬಂದು ಈ ಲೆಕ್ಕವನ್ನೇ ಬದಲಾಯಿಸಿತು. ಯಾರ ಕಿಡ್ನಿಯಾದರೂ ರಕ್ತದ ಗುಂಪು ಕೂಡಿ ಬಂದರೆ ನಡೆಯುತ್ತೆ ಅಂತಾಯಿತು. ಒಳ್ಳೇ ಔಷಧಿಯೇ. ಆದರೆ ಅದರ ಹಿಂದೇನೇ ವ್ಯಾಪಾರ ಬಂತು. ಮುಂಬಯಿ, ಮದ್ರಾಸು, ಬೆಂಗಳೂರು ಮೂರೂ ಕಿಡ್ನಿ ಮಾರುಕಟ್ಟೆ ಅಂತ ಹೊರದೇಶಗಳಲ್ಲೂ ಹೆಸರಾದವು. ಮದ್ರಾಸಿನ ವಿಲ್ಲಿವಾಕ್ಕಂ ಬಡಾವಣೆಗೆ ಜನ 'ಕಿಡ್ನಿವಾಕ್ಕಂ' ಅಂತಲೇ ಹೆಸರಿಟ್ಟರು. 1995ರ ಆರಂಭದಲ್ಲಿ ಬೆಂಗಳೂರಲ್ಲಿ ಬಯಲಾದ ಜಾಲದಲ್ಲಿ ಕೂಲಿಯವರ ದೂರು ಏನಿತ್ತು ಗೊತ್ತಾ? ಕೆಲಸ ಕೊಡಿಸ್ತೀವಿ, ಅದಕ್ಕೆ ರಕ್ತಪರೀಕ್ಷೆ ಆಗಬೇಕು ಅಂತ ಕರೆದುಕೊಂಡು ಹೋಗಿ, ಗೊತ್ತಿಲ್ಲದ ಹಾಗೆ ಕಿಡ್ನಿ ತೆಗೆದರು ಅಂತ.

ಅಲ್ಲೂ ಕೊಯ್ದದ್ದು ಸರ್ಜನ್ನೇ. ಡಿಗ್ರಿ ಇದ್ದವರೇ. ಮಲಗಿದವನ ಪರವಾಗಿ ಮಾತಾಡೋ ಒಬ್ಬ ಡಾಕ್ಟರು ಆ ಕೋಣೆಯಲ್ಲಿ ಇರಲಿಲ್ಲ, ಅಷ್ಟೇ.

ಆ ಮಾರುಕಟ್ಟೆಯಲ್ಲಿ ಮಾರಿಕೊಂಡವರು ಏನಾದರು ಅನ್ನೋದನ್ನ ಚೆನ್ನೈನಲ್ಲಿ 305 ಜನರನ್ನು ಮಾತಾಡಿಸಿ ತಿಳಿದುಕೊಂಡ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ನೂರಕ್ಕೆ 96 ಮಂದಿ ಮಾರಿದ್ದು ಸಾಲ ತೀರಿಸೋಕೆ. ಮಾರಿದ ಮೇಲೆ ಮನೆಯ ಆದಾಯ ಮೂರರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಆರೋಗ್ಯ ಮೊದಲಿಗಿಂತ ಕೆಟ್ಟಿದೆ ಅಂದವರು ನೂರಕ್ಕೆ 86. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕಿನ ಸಾಲ ಗೊತ್ತಿರೋರಿಗೆ ಈ ಅಂಕಿಗಳನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮಾನವ ಅಂಗಾಂಗ ಕಸಿ ಕಾಯ್ದೆ 1994ರಲ್ಲಿ ಪಾಸಾಗಿ 1995ರ ಫೆಬ್ರವರಿಯಲ್ಲಿ ಕೆಲವು ರಾಜ್ಯಗಳಲ್ಲಿ ಜಾರಿಗೆ ಬಂತು. ಆರೋಗ್ಯ ರಾಜ್ಯಗಳ ವಿಷಯವಾದ್ದರಿಂದ ಕರ್ನಾಟಕದ ಥರದ ಬೇರೆ ರಾಜ್ಯಗಳು ಆಮೇಲೆ ಒಪ್ಪಿಕೊಂಡವು. ಅಂಗ ಮಾರೋದು, ಕೊಳ್ಳೋದು ಎರಡೂ ಅಪರಾಧ. ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು ಹತ್ತಿರದ ಸಂಬಂಧಿಗಳು. 2011ರ ತಿದ್ದುಪಡಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳೂ ಸೇರಿದರು. ಇವರಲ್ಲದೆ ಬೇರೆಯವರು ಕೊಡೋದಾದರೆ ಸಮಿತಿಯ ಒಪ್ಪಿಗೆ ಬೇಕು. ಇವೆಲ್ಲ ಪೇಪರ್ ಓದುವವರಿಗೆ ಗೊತ್ತಿರುತ್ತೆ. ಕಡಿಮೆ ಜನ ಗಮನಿಸೋದು ಎರಡು ಸಂಗತಿ. ಆಪರೇಷನ್ನಿನ ಪರಿಣಾಮ, ಅಪಾಯ ಎಲ್ಲವನ್ನೂ ಡಾಕ್ಟರು ಕೊಡುವವರಿಗೂ ಬಿಡಿಸಿ ಹೇಳಲೇಬೇಕು ಅಂತ ಕಾಯ್ದೆಯಲ್ಲೇ ಇದೆ. ಕೊಡುವವಳು ಹೆಂಗಸಾಗಿದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕು, ಅವಳ ಒಪ್ಪಿಗೆ ಸ್ವಂತದ್ದು ಅನ್ನೋದನ್ನ ಪಡೆಯುವವನಲ್ಲದೆ ಬೇರೆಯವರು ಖಚಿತಪಡಿಸಬೇಕು ಅಂತ ನಿಯಮಗಳಲ್ಲಿದೆ. ಸುಮ್ಮನೆ ಬರೆದದ್ದಲ್ಲ. ನಮ್ಮ ದೇಶದ ಜೀವಂತ ದಾನಿಗಳಲ್ಲಿ ಐದಕ್ಕೆ ನಾಲ್ಕು ಜನ ಹೆಂಗಸರು.

ನಮ್ಮ ಮನೆಯಲ್ಲೂ ಅದೇ ಲೆಕ್ಕ. ದೊಡ್ಡಮ್ಮನ ಮಗ, ಅಂದರೆ ನನ್ನ ಅಣ್ಣ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಓಡಾಡ್ತಿದ್ದ. ಕಸಿಯ ಮಾತು ಬಂದಾಗ ಮನೆಯ ಗಂಡಸರೆಲ್ಲ ಬ್ಯಾರನ್ ಕಡೆ ನೋಡಿದರು, ಅತ್ತಿಗೆ ಮತ್ತೆ ದೊಡ್ಡಮ್ಮ ತೋಳು ಚಾಚಿ ರಕ್ತ ಕೊಟ್ಟರು. ದೊಡ್ಡಮ್ಮಂದು ಹೊಂದಿಕೆಯಾಯಿತು. ಬೆಂಗಳೂರಲ್ಲಿರೋ ಸಾಫ್ಟ್‌ವೇರ್ ಹುಡುಗ ಅಂತ ಒಳ್ಳೇ ಸರ್ಜನ್ ಹುಡುಕೋ ಕೆಲಸ ನನ್ನ ಪಾಲಿಗೆ ಬಂತು. ಬಿರಿಯಾನಿ ಹೋಟೆಲ್ ಹುಡುಕೋ ಹಾಗೆ ಗೂಗಲ್‌ನಲ್ಲಿ ಸ್ಟಾರ್ ಎಣಿಸ್ತಾ ಕೂತೆ. ಒಂದು ವಿಷಯ ಬೇಗ ಗೊತ್ತಾಯಿತು: ನಾನು ಓದಿದ ಹೊಗಳಿಕೆಯೆಲ್ಲ ಪಡೆದವರದ್ದು, ಇಲ್ಲಾ ಅವರ ಮನೆಯವರದ್ದು. ಕೊಟ್ಟವರು ಬರೆದದ್ದು ಒಂದೂ ಸಿಗಲಿಲ್ಲ. ಒಂದು ಹೆಸರು ಗಟ್ಟಿ ಮಾಡಿಕೊಂಡು ಊರಿಗೆ ಫೋನ್ ಮಾಡಿದರೆ ದೊಡ್ಡಮ್ಮ ಕೇಳಿದ್ದು ಇಷ್ಟೇ: "ಅವ್ನಿಗೆ ಹಾಕೋ ಡಾಕ್ಟ್ರು ಸಿಕ್ಕುದ್ರು ಬುಡು. ನಂದು ತೆಗಿಯೋರು ಯಾರ್ ಮಗ?"

ಹುಡುಕೋ ದಾರಿ ಬೇರೆಯೇ ಇದೆ ಅಂತ ಆಮೇಲೆ ತಿಳಿಯಿತು. ಮಂಡಿ ಆಪರೇಷನ್ ಥರ ಇಷ್ಟವಾದ ಸರ್ಜನ್‌ನ ಇಷ್ಟವಾದ ನರ್ಸಿಂಗ್ ಹೋಮ್‌ಗೆ ಕರೆಸೋಕೆ ಇದರಲ್ಲಿ ಆಗಲ್ಲ. ಕಿಡ್ನಿ ಕಸಿಗೆ ಅಂತಲೇ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಆಸ್ಪತ್ರೆಯಲ್ಲೇ ಆಗಬೇಕು, ಐದು ವರ್ಷಕ್ಕೊಮ್ಮೆ ಆ ನೋಂದಣಿ ನವೀಕರಣ ಆಗಬೇಕು. ಮೊದಲ ಬಾಗಿಲು ನೆಫ್ರಾಲಜಿಸ್ಟ್. ಅವರ ಜೊತೆ ಕಸಿ ಸಂಯೋಜಕರು. ಸರ್ಜನ್ ಆ ತಂಡದ ಒಳಗಿನಿಂದಲೇ ಬರ್ತಾರೆ. ಕಿಡ್ನಿ ತೆಗೆಯೋರು ಸಾಮಾನ್ಯವಾಗಿ ಎಂಸಿಎಚ್ ಮಾಡಿದ ಯೂರಾಲಜಿಸ್ಟ್. ಹಿಂದೆ ಹುಣಸೂರಿಂದ ಹೊರಟವರು ವೆಲ್ಲೂರು, ಬೆಂಗಳೂರು ಅಂತ ಅಲೆದಾಡಬೇಕಿತ್ತು, ಈಗ ಮೈಸೂರಲ್ಲೇ ಕಸಿ ನಡೆಯುತ್ತೆ. ನಾವು ಕೇಳಬೇಕಾದ ಪ್ರಶ್ನೆ ಮಾತ್ರ ದೊಡ್ಡಮ್ಮ ಕೇಳಿದ್ದೇ. ತೆಗೆಯೋರು ಯಾರು, ದಾನಿಗಳ ಆಪರೇಷನ್ ಅವರು ಎಷ್ಟು ಮಾಡಿದ್ದಾರೆ, ಅದರಲ್ಲಿ ಎಷ್ಟು ಸಲ ಮಧ್ಯದಲ್ಲಿ ತೊಂದರೆಯಾಗಿ ಹೊಟ್ಟೆ ತೆರೆಯಬೇಕಾಯ್ತು?

ಈ ಕೊನೇ ಪ್ರಶ್ನೆಗೂ ಒಂದು ಚರಿತ್ರೆ ಇದೆ. ರೊನಾಲ್ಡ್ ಕಾಲದಿಂದ ಹೆಚ್ಚುಕಡಿಮೆ 40 ವರ್ಷ ಕಿಡ್ನಿ ತೆಗೆಯೋದು ಅಂದರೆ ಪಕ್ಕೆಯಲ್ಲಿ ಉದ್ದಕ್ಕೆ ಕೊಯ್ದು, ಎಷ್ಟೋ ಸಲ ಕೊನೇ ಪಕ್ಕೆಲುಬಿನ ತುದಿಯನ್ನೂ ಕತ್ತರಿಸಿ, ಒಳಗೆ ಕೈ ಹಾಕೋದು. ತಮಾಷೆ ನೋಡಿ, ಪಡೆಯುವವನ ಗಾಯಕ್ಕಿಂತ ಕೊಡುವವನ ನೋವೇ ಜಾಸ್ತಿ. ಕಾಯಿಲೆಯ ಕಿಡ್ನಿಯನ್ನು ಲ್ಯಾಪರೋಸ್ಕೋಪಿಯಲ್ಲಿ ತೆಗೆಯಬಹುದು ಅಂತ 1990ರಲ್ಲಿ ರಾಲ್ಫ್ ಕ್ಲೇಮನ್ ತೋರಿಸಿದರು. ದಾನಿಯ ಮೇಲೆ ಅದನ್ನು ಮಾಡೋ ಧೈರ್ಯ ಬಂದದ್ದು 1995ರಲ್ಲಿ, ಬಾಲ್ಟಿಮೋರಿನ ಲಾಯ್ಡ್ ರಾಟ್ನರ್ ಮತ್ತು ಲೂಯಿ ಕವೂಸಿಗೆ. ನಮ್ಮಲ್ಲಿ ಕಾಯ್ದೆ ಜಾರಿಗೆ ಬಂದ ವರ್ಷವೇ. ಮೂರ್ನಾಲ್ಕು ಸಣ್ಣ ತೂತು, ಕಿಡ್ನಿಯನ್ನು ಹೊರಗೆ ತೆಗೆಯೋಕೆ ಕೆಳಹೊಟ್ಟೆಯಲ್ಲಿ ಒಂದು ಚಿಕ್ಕ ಕೊಯ್ತ. ಕೆಲವೇ ದಿನಕ್ಕೆ ಮನೆ. ಅಮೆರಿಕದಲ್ಲಿ 1994ರಿಂದ 2009ರವರೆಗೆ ಕಿಡ್ನಿ ಕೊಟ್ಟ 80,347 ಜನರ ದಾಖಲೆ ನೋಡಿದಾಗ ಆಪರೇಷನ್ ಆದ 90 ದಿನದೊಳಗೆ ತೀರಿಕೊಂಡವರು 25 ಮಂದಿ. ಬಹಳ ಕಡಿಮೆ. ಆದರೆ ಸೊನ್ನೆ ಅಲ್ಲ.

ಮೈಸೂರಲ್ಲಿ ನಮಗೆ ಸಿಕ್ಕ ಯೂರಾಲಜಿಸ್ಟ್ ಒಂದು ಹಾಳೆಯ ಮೇಲೆ ಎರಡು ಕಿಡ್ನಿ ಬರೆದು ದೊಡ್ಡಮ್ಮನ ಮುಂದಿಟ್ಟರು. ಸಾಮಾನ್ಯವಾಗಿ ಎಡಗಡೆಯದ್ದನ್ನ ತಗೊಳ್ತಾರೆ, ಅದರ ರಕ್ತನಾಳ ಉದ್ದ ಇರೋದರಿಂದ ಕೂರಿಸೋಕೆ ಸಲೀಸು. ಆದರೆ ಅದಕ್ಕಿಂತ ಮೊದಲು ಸ್ಕ್ಯಾನ್ ಮಾಡಿ ಯಾವುದು ಎಷ್ಟು ಕೆಲಸ ಮಾಡ್ತಿದೆ ಅಂತ ನೋಡ್ತಾರೆ. ಎರಡರಲ್ಲಿ ವ್ಯತ್ಯಾಸ ಇದ್ದರೆ ಚೆನ್ನಾಗಿರೋದು ಕೊಡುವವರ ಹತ್ತಿರವೇ ಉಳಿಯಬೇಕು. ದೊಡ್ಡಮ್ಮನಿಗೆ ಇದು ಸರಿ ಬರಲಿಲ್ಲ.

"ಒಳ್ಳೇದ್ನ ಅವ್ನಿಗೇ ಹಾಕ್ಬುಡಿ ಡಾಕ್ಟ್ರೆ. ನಂಗೇನು, ವಯಸ್ಸಾಯ್ತು."

"ಆಗಲ್ಲಮ್ಮ. ಅವ್ರಿಗೆ ಬೇರೆ ಡಾಕ್ಟ್ರು ಇದಾರೆ. ನಾನು ನಿಮ್ಮ ಡಾಕ್ಟ್ರು."

ಇನ್ನೂ ಎರಡು ಸಲ ಅವರು ಅದನ್ನೇ ಕೇಳಿದರು, ಇನ್ನೂ ಎರಡು ಸಲ ಅದೇ ಉತ್ತರ ಬಂತು. ಆಮೇಲೆ ಕೊಯ್ಲಿನ ವಿಷಯಕ್ಕೆ ಬಂದರು. ಸೊಪ್ಪು ಕಿತ್ತು ಕಡ್ಡಿಗೆ ಕಟ್ಟೋ ಹೊತ್ತಿಗೆ ಕೆಲಸ ಮಾಡಬಹುದಾ, ಬೇಲು ಎತ್ತಬಹುದಾ ಅಂತ. ಕೂತು ಮಾಡೋ ಕೆಲಸ ಮಾಡಿ, ಒಂದೂವರೆ ತಿಂಗಳು ಭಾರ ಎತ್ತಲೇಬೇಡಿ ಅಂದರು. ಹೊರಗೆ ಬಂದ ಮೇಲೆ ದೊಡ್ಡಮ್ಮ ನನ್ನ ಕೈಲಿ ಆ ಡಾಕ್ಟರ ಹೆಸರನ್ನು ತಂಬಾಕು ಮಂಡಳಿಯ ಪಾಸ್‌ಬುಕ್ಕಿನ ಹಿಂದೆ ಬರೆಸಿಕೊಂಡರು.

ರಿಚರ್ಡ್ ತನ್ನನ್ನು ನೋಡಿಕೊಂಡ ನರ್ಸನ್ನೇ ಮದುವೆಯಾಗಿ ಎಂಟು ವರ್ಷ ಬದುಕಿದ. ರೊನಾಲ್ಡ್ ಉಳಿದ ಒಂದೇ ಕಿಡ್ನಿಯಲ್ಲಿ 56 ವರ್ಷ ಬದುಕಿ 2010ರ ಡಿಸೆಂಬರಿನಲ್ಲಿ ತೀರಿಕೊಂಡ. ಅವನು ಕೇಳಿದ ಪ್ರಶ್ನೆಗೆ ನಮ್ಮ ಕಡೆ ಈಗಲೂ ಗಟ್ಟಿ ಉತ್ತರ ಇಲ್ಲ. ಪಡೆದವನು ಜೀವನಪೂರ್ತಿ ಮಾತ್ರೆ ನುಂಗಬೇಕು, ಹಾಗಾಗಿ ಆಸ್ಪತ್ರೆಯ ನಂಟು ತಪ್ಪಲ್ಲ. ಕೊಟ್ಟವರಿಗೆ ಮಾತ್ರೆ ಇಲ್ಲ, ಹೊಲಿಗೆ ಒಣಗಿದ ಮೇಲೆ ಕರೆಯೋರೂ ಕಡಿಮೆ. ವರ್ಷಕ್ಕೊಂದು ಸಲ ಬಿಪಿ, ಕ್ರಿಯೇಟಿನಿನ್, ಮೂತ್ರದಲ್ಲಿ ಪ್ರೊಟೀನ್ ನೋಡಿಸಬೇಕು. ದೊಡ್ಡ ಖರ್ಚೇನಲ್ಲ. ಬಸ್ಸಿಗೆ ಕೂರಿಸಿ ಕರ್ಕೊಂಡು ಹೋಗೋರು ಬೇಕು. ದೊಡ್ಡಮ್ಮನ ಮುಂದಿನ ಚೆಕಪ್ ಮಾರ್ಚಿಯಲ್ಲಿ, ಹರಾಜು ಮುಗಿದ ಮೇಲೆ. ನಾನು ರಜೆ ಹಾಕಿದ್ದೀನಿ.