ಹಿತ್ತಿಲಿನಲ್ಲಿ ಉಳಿದ ಚರಿತ್ರೆ

ಕೊಡಗಿನ ಚರಿತ್ರೆ ಎಂದೊಡನೆ ನಮ್ಮ ನೆನಪಿಗೆ ಬರುವುದು ಹಾಲೇರಿ ವಂಶದ ಅರಸರು, ಮಡಿಕೇರಿಯ ಕೋಟೆ, ಕಾಫಿ ತೋಟಗಳು, ಸೇನಾನಿಗಳು. ಇವೆಲ್ಲವೂ ನಿಜವೇ. ಆದರೆ ಅರಸರ ಕಾಲದಲ್ಲಿಯೂ ದೊರೆಗಳ ಕಾಲದಲ್ಲಿಯೂ ಈ ನಾಡಿನ ಮಕ್ಕಳ ಹೊಟ್ಟೆ ತುಂಬಿಸಿದ ಮತ್ತೊಂದು ಸ್ಥಳವಿದೆ. ಅದು ಅಡುಗೆಮನೆಯ ಹಿಂಬಾಗಿಲಿನಾಚೆಗಿನ ಹಿತ್ತಿಲು. ಅಲ್ಲಿ ಶಾಸನವಿಲ್ಲ, ಸ್ಮಾರಕವಿಲ್ಲ. ಕೆಸುವಿನ ಎಲೆ, ಬಾಳೆಯ ಬುಡ, ಸೂಜಿಮೆಣಸಿನ ಗಿಡ, ಗೋಡೆಗೊರಗಿಸಿದ ಗುದ್ದಲಿ ಇಷ್ಟೇ. ಓದಬಲ್ಲವರಿಗೆ ಅಷ್ಟೇ ಸಾಕು.

ಹೆಸರುಗಳಿಂದಲೇ ಆರಂಭಿಸೋಣ. ಪಪ್ಪಾಯಿಯನ್ನು ನಮ್ಮ ಹಿರಿಯರು ಪರಂಗಿ ಹಣ್ಣು ಎನ್ನುತ್ತಿದ್ದರು. ಈಗಲೂ ಹಾಗೆನ್ನುವವರುಂಟು. ಪರಂಗಿಯೆಂದರೆ ಫರಂಗಿ, ಅಂದರೆ ಕಡಲಾಚೆಯಿಂದ ಬಂದವನು. ಸಣ್ಣಗೆ ಸೂಜಿಯಂತಿದ್ದು ನಾಲಿಗೆ ಸುಡುವ ಮೆಣಸಿಗೆ ಕೊಡವ ತಕ್ಕಿನಲ್ಲಿಯೂ ಇದೇ ಪರಂಗಿ ಎಂಬ ವಿಶೇಷಣ ಅಂಟಿಕೊಂಡಿದೆ. ಸೀಮೆಬದನೆಯ 'ಸೀಮೆ'ಯೂ ಹೊರನಾಡನ್ನೇ ಸೂಚಿಸುತ್ತದೆ. ಪಪ್ಪಾಯಿ, ಮೆಣಸಿನಕಾಯಿ, ಅನಾನಸು, ಸೀಬೆ, ಗೆಣಸು, ಮರಗೆಣಸು, ಸಿಹಿಗುಂಬಳ ಇವುಗಳೆಲ್ಲದರ ತವರು ಅಮೆರಿಕ ಖಂಡ. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಕಾಲಿಟ್ಟ ತರುವಾಯವೇ ಇವುಗಳಲ್ಲಿ ಹೆಚ್ಚಿನವು ಇತ್ತ ಬಂದವು. ಮೆಣಸಿನಕಾಯಿ ಬರುವ ಮೊದಲು ನಮ್ಮಲ್ಲಿ ಖಾರವೆಂದರೆ ಕಾಳುಮೆಣಸು. ಹೊಸದು ಬಂದು ಮೆಣಸೆಂಬ ಹೆಸರನ್ನು ತಾನೂ ಪಡೆದಾಗ, ಹಳೆಯದನ್ನು ಗುರುತಿಸಲು ಜನರು ಅದಕ್ಕೆ ಒಳ್ಳೆಮೆಣಸು ಎಂದರು. ಈ ಒಂದು ಮಾತಿನಲ್ಲಿ ಎಷ್ಟು ಪ್ರೀತಿಯಿದೆ ನೋಡಿ! ಹಂದಿಯ ಸಾರಿಗೆ ಇಂದಿಗೂ ಒಳ್ಳೆಮೆಣಸೇ ಬೇಕು, ಕಾಚಂಪುಳಿಯೇ ಬೇಕು ಎಂದು ಕೊಡಗಿನ ಗೃಹಿಣಿ ಹಟ ಹಿಡಿಯುವುದು ಸುಮ್ಮನೆ ಅಲ್ಲ. ಪರಂಗಿಯವರ ಮುಂಚಿನ ಅಡುಗೆಯೊಂದನ್ನು ಆಕೆ ಕಾಪಾಡಿಕೊಂಡು ಬಂದಿದ್ದಾಳೆ. ಉಪ್ಪಾಗೆ ಜಾತಿಯ ಹುಳಿಹಣ್ಣನ್ನು ರಾಶಿ ಹಾಕಿ, ಅದರಿಂದ ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಾಗಿ ಗಟ್ಟಿಯಾಗುವ ತನಕ ಕಾಯಿಸಿದರೆ ಕಾಚಂಪುಳಿ. ಒಮ್ಮೆ ಮಾಡಿ ಶೀಶೆಗೆ ತುಂಬಿಟ್ಟರೆ ವರ್ಷಗಟ್ಟಲೆ ಕೆಡದು.

ಆ ಹಳೆಯ ಅಡುಗೆಯ ನಿಜವಾದ ಪರೀಕ್ಷೆ ನಡೆಯುತ್ತಿದ್ದುದು ಕಕ್ಕಡ ಮಾಸದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆಯಲ್ಲಿ ದೊಡ್ಡ ಪಾಲು ಬೀಳುವುದು ಈ ದಿನಗಳಲ್ಲಿಯೇ. ಕಣಜದ ಭತ್ತ ತಳ ಕಾಣುವ ಹೊತ್ತು, ಗದ್ದೆಯಲ್ಲಿ ನಾಟಿಯ ದುಡಿಮೆ ತುದಿಗೇರುವ ಹೊತ್ತು, ಸಂತೆಗೆ ಹೋಗಲು ದಾರಿಯಿಲ್ಲದ ಹೊತ್ತು ಎಲ್ಲವೂ ಒಟ್ಟಿಗೇ ಬರುತ್ತಿದ್ದವು. ಆಗ ಮನೆಯನ್ನು ನಡೆಸಿದ್ದು ಕಳಲೆ, ಅಣಬೆ, ಗದ್ದೆಯ ಏಡಿ, ಹಲಸಿನ ಬೀಜ, ಕೆಸು. ಇವುಗಳಲ್ಲಿ ಕೆಲವು ವಿಷವನ್ನು ಹೊತ್ತವು ಎಂಬುದನ್ನು ಗಮನಿಸಬೇಕು. ಎಳೆ ಬಿದಿರಿನ ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಸದೆ ತಿನ್ನಬಾರದು. ಕೆಸುವಿನ ಎಲೆಗೆ ಹುಳಿ ಬೀಳದಿದ್ದರೆ ಗಂಟಲು ತುರಿಸುತ್ತದೆ. ಈ ತಿಳಿವಳಿಕೆ ಯಾವ ಶಾಲೆಯಲ್ಲಿಯೂ ದೊರೆತದ್ದಲ್ಲ. ಅಜ್ಜಿಯರಿಂದ ಮೊಮ್ಮಕ್ಕಳಿಗೆ ದಾಟಿತು. ಕಾಡಿನ ಸೊಪ್ಪು ಗೆಡ್ಡೆಗಳ ವಿಷಯದಲ್ಲಂತೂ ಯರವ, ಕುರುಬ ಬುಡಕಟ್ಟುಗಳ ತಾಯಂದಿರಷ್ಟು ಬಲ್ಲವರು ಬೇರೊಬ್ಬರಿಲ್ಲ. ಕಕ್ಕಡದ ಹದಿನೆಂಟನೆಯ ದಿನ, ಸಾಮಾನ್ಯವಾಗಿ ಆಗಸ್ಟ್ 3ರಂದು, ಮದ್ದುಸೊಪ್ಪನ್ನು ಕುದಿಸಿ ಆ ನೇರಳೆ ರಸದಲ್ಲಿ ಪಾಯಸ ಮಾಡುವ ಪದ್ಧತಿ ತಮಗೆಲ್ಲ ಗೊತ್ತೇ ಇದೆ. ಆ ದಿನ ಆ ಗಿಡದಲ್ಲಿ ಹದಿನೆಂಟು ಬಗೆಯ ಔಷಧಿಗಳು ಸೇರಿರುತ್ತವೆಂಬುದು ಜನರ ನಂಬಿಕೆ. ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಆ ಬಣ್ಣವನ್ನು ಕಂಡು ಮಕ್ಕಳು ಕೇಕೆ ಹಾಕುವುದೂ ಈ ಹಬ್ಬದ ಒಂದು ಭಾಗವೇ!

ಹಿತ್ತಿಲಿಗೆ ಆಧಾರವಾಗಿದ್ದ ಇನ್ನೊಂದು ವ್ಯವಸ್ಥೆಯನ್ನು ಇಲ್ಲಿ ಹೇಳಬೇಕು. ಕೊಡಗಿನಲ್ಲಿ ಭತ್ತದ ಗದ್ದೆಯೊಡನೆ ಬಾಣೆ ಎಂಬ ಕಾಡುಭೂಮಿಯನ್ನೂ ಕಂದಾಯವಿಲ್ಲದೆ ಕೊಡಲಾಗುತ್ತಿತ್ತು. ದನ ಮೇಯಿಸಲು, ಸೌದೆಗೆ, ಗದ್ದೆಗೆ ಹಾಕುವ ಹಸಿರೆಲೆಗೆ, ಮನೆ ಕಟ್ಟುವ ಮರಕ್ಕೆ ಅದು ಆಸರೆ. ಬಾಣೆಯ ಎಲೆ ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಗದ್ದೆಗೂ ಹಿತ್ತಿಲಿಗೂ, ಅಲ್ಲಿಂದ ಅನ್ನ ಎಲೆಗೆ. ಹೀಗೆ ಒಂದು ಮನೆಯ ಊಟದ ಹಿಂದೆ ಒಂದು ಗುಡ್ಡವೇ ನಿಂತಿರುತ್ತಿತ್ತು. ಈ ವ್ಯವಸ್ಥೆಯನ್ನು ಬರಿದೇ ಹೊಗಳಿದರೆ ಸತ್ಯಕ್ಕೆ ಅಪಚಾರವಾದೀತು. ಆ ಗದ್ದೆಗಳಲ್ಲಿ ಬೆನ್ನು ಬಾಗಿಸಿದ ಯರವರಲ್ಲಿ, ದಲಿತರಲ್ಲಿ ಅನೇಕರು ಜೀತದವರಾಗಿದ್ದರು. ಅವರು ಬೆಳೆದ ಭತ್ತದ ಮೇಲೆ ಅವರಿಗೆ ಹಕ್ಕಿರಲಿಲ್ಲ.

ಈ ನಾಡಿಗೆ ನಮ್ಮ ಕ್ರೈಸ್ತ ಕುಟುಂಬಗಳು ಬಂದ ಬಗೆಯೂ ಅನ್ನದ ಕಥೆಯೇ. 1784ರಲ್ಲಿ ಟಿಪ್ಪು ಸುಲ್ತಾನರು ಕರಾವಳಿಯ ಕಥೋಲಿಕರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಅದೇ ಕಾಲದ ಯುದ್ಧಗಳಲ್ಲಿ ಕೊಡಗಿನವರನ್ನೂ ಸೆರೆಯೊಯ್ಯಲಾಯಿತು. ನಾಡು ಜನರಿಲ್ಲದೆ ಸೊರಗಿತು. ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ದೊಡ್ಡವೀರರಾಜೇಂದ್ರ ಅರಸರು ಆಶ್ರಯವಿತ್ತರು. 1792ರಲ್ಲಿ ಅವರು ಕಟ್ಟಿಸಿದ ವಿರಾಜಪೇಟೆಯಲ್ಲಿ ಅದೇ ವರ್ಷ ಸಂತ ಅನ್ನಮ್ಮನವರ ಧರ್ಮಕೇಂದ್ರ ಹುಟ್ಟಿಕೊಂಡಿತು. ಅರಸರ ಔದಾರ್ಯವನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ, ಸ್ಮರಿಸಲೇಬೇಕು. ಜೊತೆಗೆ, ಬರಿದಾದ ನಾಡಿಗೆ ದುಡಿಯುವ ಕೈಗಳೂ ಬೇಕಾಗಿದ್ದವು ಎಂಬುದನ್ನು ಮರೆಯಬೇಕಾಗಿಲ್ಲ.

ಹಾಗೆ ಬಂದವರ ಕೈಯಲ್ಲಿ ಏನಿತ್ತು? ಸೆರೆಯಿಂದ ಬಂದವರ ಬಳಿ ಆಸ್ತಿ ಇರುವುದಿಲ್ಲ, ಅಡುಗೆಯ ನೆನಪಿರುತ್ತದೆ. ಕೆಸುವಿನ ಎಲೆಯನ್ನು ಕೊಡವರು ಹುಳಿ ಹಾಕಿ ಸಾರು ಮಾಡುತ್ತಾರೆ. ಕರಾವಳಿಯ ಮನೆಗಳವರು ಅದೇ ಎಲೆಗೆ ಅಕ್ಕಿ ಮಸಾಲೆ ಸವರಿ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿ ಪತ್ರೊಡೆ ಮಾಡುತ್ತಾರೆ. ಎಲೆ ಒಂದೇ, ಒಲೆ ಬೇರೆ. ಸೆಪ್ಟೆಂಬರ್ 8ರ ಮರಿಯಮ್ಮನವರ ಜನನೋತ್ಸವದಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಯ್ದು, ಅದರ ಅಕ್ಕಿಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸಸ್ಯಾಹಾರದ ಊಟ ಮಾಡುವ ತೆನೆ ಹಬ್ಬವೂ ಮಂಗಳೂರಿನ ಕಡೆಯದು. ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದ ದೇವಾಲಯದೊಂದಿಗೆ ಅದರ ಹೆಸರು ಬೆಸೆದುಕೊಂಡಿದೆ. ಇಲ್ಲೊಂದು ಸ್ವಾರಸ್ಯವಿದೆ. ಕರಾವಳಿಯಲ್ಲಿ ಆ ಹೊತ್ತಿಗೆ ಭತ್ತ ತೆನೆಗಟ್ಟಿರುತ್ತದೆ. ಕೊಡಗಿನಲ್ಲಿ ನಾಟಿ ಮುಗಿದು ಹೆಚ್ಚು ದಿನಗಳಾಗಿರುವುದಿಲ್ಲ, ಗದ್ದೆ ಬರೀ ಹಸಿರು. ಇಲ್ಲಿ ಕದಿರು ತೆಗೆಯುವ ಹಬ್ಬವಾದ ಪುತ್ತರಿ ಬರುವುದು ನವೆಂಬರ್ ಇಲ್ಲವೇ ಡಿಸೆಂಬರಿನಲ್ಲಿ. ಪಂಚಾಂಗ ಕರಾವಳಿಯದು, ಮಣ್ಣು ಕೊಡಗಿನದು. ಈ ಎರಡರ ನಡುವೆ ಇಲ್ಲಿನ ಕುಟುಂಬಗಳು ಬಾಳು ಹೊಂದಿಸಿಕೊಂಡವು.

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರರನ್ನು ಪದಚ್ಯುತಗೊಳಿಸಿದರು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ತೆರೆದ. ಮುಂದಿನ ಕಥೆ ತಮಗೆ ಗೊತ್ತು. ಕಾಡು ತೋಟವಾಯಿತು, ಬಾಣೆಗಳೂ ಕಾಫಿ ತೊಟ್ಟವು. ಕೊರಕ ಹುಳು, ಎಲೆರೋಗ ಬಂದು ಅನೇಕ ದೊರೆಗಳು ದಿವಾಳಿಯಾದರು, ಕಾಫಿ ಮಾತ್ರ ಉಳಿಯಿತು. ನನ್ನ ಗಮನ ಇಲ್ಲಿ ಲೈನ್ ಮನೆಗಳ ಕಡೆಗೆ ಹೋಗುತ್ತದೆ. ತೋಟದ ಕೂಲಿಗಾಗಿ ಮೈಸೂರು ಸೀಮೆಯಿಂದ, ತಮಿಳುನಾಡಿನಿಂದ, ಮಲಬಾರಿನಿಂದ ಬಂದವರಿಗೆ ಸಾಲಾಗಿ ಒಂದೊಂದು ಕೋಣೆ ಕೊಡಲಾಯಿತು. ಹಿತ್ತಿಲು ಕೊಡಲಿಲ್ಲ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಅಜ್ಜ ಅಜ್ಜಿಯರು ಬಾಳಿದ್ದು ಅಲ್ಲಿಯೇ. ಮನೆ ಆಶೀರ್ವಾದಕ್ಕೆಂದು ಅಂಥ ಲೈನುಗಳಿಗೆ ಹೋದಾಗಲೆಲ್ಲ ನಾನು ಕಂಡದ್ದು ಒಂದೇ: ಬಚ್ಚಲ ನೀರು ಹರಿಯುವ ಕಡೆ ಎರಡು ಬಾಳೆ, ನಾಲ್ಕು ಕೆಸು, ಹಳೆಯ ಬಕೆಟ್ಟಿನಲ್ಲಿ ಪುದೀನ. ಸೂಜಿಮೆಣಸನ್ನಂತೂ ಯಾರೂ ನೆಡಬೇಕಾಗಿಲ್ಲ. ಹಕ್ಕಿಗಳಿಗೆ ಅದರ ಖಾರ ತಟ್ಟುವುದಿಲ್ಲ. ಅವು ಹಣ್ಣು ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಗಿಡ ಏಳುತ್ತದೆ.

ಹಿತ್ತಿಲಿಗೆ ಸಿಹಿಯನ್ನು ತಂದುಕೊಟ್ಟವರಲ್ಲಿ ಇಬ್ಬರು ಧಾರ್ಮಿಕ ವ್ಯಕ್ತಿಗಳಿದ್ದರೆಂದರೆ ತಮಗೆ ಅಚ್ಚರಿಯಾದೀತು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪ್ರೊಟೆಸ್ಟಂಟ್ ಬೋಧಕರು 1851ರಲ್ಲಿ ಚೌಕಟ್ಟುಗಳನ್ನು ಎತ್ತಿ ಇಡಬಹುದಾದ ಜೇನುಪೆಟ್ಟಿಗೆಯ ತತ್ವವನ್ನು ಕಂಡುಕೊಂಡರು. ಅಲ್ಲಿಯವರೆಗೆ ಜೇನು ಬೇಕೆಂದರೆ ಗೂಡನ್ನೇ ಹಿಂಡಬೇಕಾಗಿತ್ತು. ಆದರೆ ಆ ಪೆಟ್ಟಿಗೆ ನಮ್ಮ ತುಡುವೆ ಜೇನಿಗೆ ದೊಡ್ಡದು. ಸುಮಾರು 1910ರಲ್ಲಿ ತಿರುಚಿರಾಪಳ್ಳಿಯ ಯೇಸುಸಭೆಯ ಫಾದರ್ ನ್ಯೂಟನ್ ಅವರು ತುಡುವೆಗೆ ತಕ್ಕ ಸಣ್ಣ ಪೆಟ್ಟಿಗೆಯನ್ನು ರೂಪಿಸಿ ದಕ್ಷಿಣ ಭಾರತದ ಅನೇಕರಿಗೆ ಜೇನುಸಾಕಣೆ ಕಲಿಸಿದರು. ನ್ಯೂಟನ್ ಪೆಟ್ಟಿಗೆ ಎಂದು ಇಂದಿಗೂ ಅದಕ್ಕೆ ಅವರದೇ ಹೆಸರು. ಕೊಡಗಿನಲ್ಲಿ ಜೇನು ಮನೆಮನೆಯ ಉಪಕಸುಬಾಯಿತು. ವಿರಾಜಪೇಟೆಯಲ್ಲಿ 1936ರಲ್ಲಿಯೇ ಜೇನು ಉತ್ಪಾದಕರ ಸಹಕಾರ ಸಂಘ ಹುಟ್ಟಿತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಅನೇಕ ಮನೆಗಳ ಹಿತ್ತಿಲಿನಲ್ಲಿ ಖಾಲಿ ಪೆಟ್ಟಿಗೆಗಳು ಉಳಿದವು. ಕಿತ್ತಳೆಗೂ ಹೀಗೆಯೇ ಆಯಿತು. ಕಾಫಿಯ ನಡುವೆ ಬೆಳೆದು ಮಕ್ಕಳ ಜೇಬು ತುಂಬುತ್ತಿದ್ದ ಕೊಡಗಿನ ಕಿತ್ತಳೆ ರೋಗಗಳಿಗೆ ತುತ್ತಾಗಿ ಕ್ಷೀಣಿಸಿತು. ಈಗ ಭೌಗೋಳಿಕ ಸೂಚಿಕೆಯ ಗೌರವ ಅದಕ್ಕಿದೆ, ಹಣ್ಣು ಮಾತ್ರ ಹುಡುಕಬೇಕು.

1965ರಲ್ಲಿ ಯುದ್ಧವೂ ಬರಗಾಲವೂ ಒಟ್ಟಿಗೆ ಬಂದಾಗ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡರು. ತಮ್ಮ ನಿವಾಸದ ಹುಲ್ಲುಹಾಸನ್ನು ಉಳಿಸಿ ಧಾನ್ಯ ಬಿತ್ತಿಸಿದರು. ಅಂದು ದೇಶದಲ್ಲಿ ಅನ್ನವಿರಲಿಲ್ಲ, ಬೆಳೆಯುವ ಮನಸ್ಸಿತ್ತು. ಇಂದು ನಮ್ಮ ಸ್ಥಿತಿ ತಿರುಗುಮುರುಗಾಗಿದೆ. ಅಂಗಡಿಯಲ್ಲಿ ಎಲ್ಲವೂ ಸಿಗುತ್ತದೆ. 2024ರಲ್ಲಿ ರೋಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೇರಿತು. ಭತ್ತದ ಗದ್ದೆಗಳು ಮಾತ್ರ ಪಾಳು ಬೀಳುತ್ತಿವೆ, ಇಲ್ಲವೇ ಶುಂಠಿಗೆ ಗುತ್ತಿಗೆ ಹೋಗುತ್ತಿವೆ. ಭತ್ತ ಬೆಳೆದರೆ ಕೂಲಿಯೂ ಹುಟ್ಟದು ಎಂಬ ರೈತನ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಗದ್ದೆ ಹೋದ ಮನೆಯಲ್ಲಿ ಹಿತ್ತಿಲೂ ಹೋಗುತ್ತಿರುವುದು ಯಾಕೆ? ಅಂಗಳಕ್ಕೆ ಇಂಟರ್‌ಲಾಕ್ ಹಾಸಿ, ಕುಂಡದಲ್ಲಿ ಹೂವಿಟ್ಟು, ಕರಿಬೇವಿನ ಸೊಪ್ಪನ್ನು ಸಂತೆಯಿಂದ ತರುವ ಮನೆಗಳು ಹೆಚ್ಚುತ್ತಿವೆ. ಸಂಜೆ ಶಾಲೆಯಿಂದ ಬಂದ ಮಗುವಿಗೆ ಎರಡು ನಿಮಿಷದ ನೂಡಲ್ಸ್. ಊಟದ ಹೊತ್ತಿಗೆ ತಂದೆ ಒಂದು ಕಡೆ, ಮಕ್ಕಳು ಟಿ.ವಿ.ಯ ಮುಂದೆ, ತಾಯಿ ಎಲ್ಲರದೂ ಮುಗಿದ ಮೇಲೆ.

2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರಿನ ಗುಡ್ಡಗಳು ಜಾರಿದಾಗ ನೂರಾರು ಕುಟುಂಬಗಳು ಮನೆಯೊಂದಿಗೆ ಹಿತ್ತಿಲನ್ನೂ ಕಳೆದುಕೊಂಡವು. ಅವರಲ್ಲಿ ಹಲವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡು ಬಡಾವಣೆಗಳಲ್ಲಿ ಹೊಸ ಮನೆಗಳು ದೊರೆತವು. ಗಟ್ಟಿಯಾದ ಮನೆ, ಪುಟ್ಟ ನಿವೇಶನ. ಅಷ್ಟು ಜಾಗದಲ್ಲಿ ಏನು ಬೆಳೆದೀತು ಎಂದು ಕೇಳುವವರಿಗೆ ಲೈನ್ ಮನೆಯ ತಾಯಂದಿರು ಎಂದೋ ಉತ್ತರ ಕೊಟ್ಟಿದ್ದಾರೆ. ಸಿಮೆಂಟ್ ಚೀಲದಲ್ಲಿ ಶುಂಠಿ, ಅರಿಶಿನ, ಕೆಸು ಮಳೆಗಾಲದಲ್ಲಿಯೂ ಬರುತ್ತವೆ. ಗೋಡೆಯ ಬದಿಗೆ ನೆಟ್ಟ ಒಂದು ಮೊಳೆತ ಸೀಮೆಬದನೆ ಚಪ್ಪರ ಸಿಕ್ಕರೆ ಒಂದು ಮನೆಗಲ್ಲ, ಮೂರು ಮನೆಗಾಗುತ್ತದೆ. ಟೊಮೇಟೊ, ಬೀನ್ಸ್, ಸೊಪ್ಪುಗಳನ್ನು ಅಕ್ಟೋಬರಿನಲ್ಲಿ ಮಳೆ ಹಿಂದೆಗೆದ ಮೇಲೆ ಹಾಕುವುದು ಲೇಸು. ಜೂನ್ ತಿಂಗಳಿನಲ್ಲಿ ಟೊಮೇಟೊ ನೆಟ್ಟು ಮಣ್ಣನ್ನು ಶಪಿಸುವವರನ್ನು ಪ್ರತಿವರ್ಷ ಕಾಣುತ್ತೇನೆ! ಹಣ್ಣಿನ ಗಿಡ ಬೇಕಾದವರಿಗೆ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ. ಕಾವೇರಿ ಎಂಬ ಪ್ಯಾಶನ್ ಹಣ್ಣಿನ ತಳಿ ಅಲ್ಲಿಯದೇ. ಬೆಣ್ಣೆಹಣ್ಣಿನ ಮೇಲೆಯೂ ಅಲ್ಲಿ ಕೆಲಸ ನಡೆದಿದೆ.

ಇನ್ನು ಮಕ್ಕಳನ್ನು ಒಲೆಯ ಬಳಿಗೆ ಕರೆಯುವ ಬಗೆ. ಎರಡು ನಿಮಿಷದ ತಿಂಡಿಗೆ ಕೊಡಗಿನಲ್ಲಿ ಮೊದಲೇ ಒಂದು ಉತ್ತರವಿತ್ತು: ಪುತ್ತರಿಯ ತಂಬುಟ್ಟು. ಹುರಿದ ಅಕ್ಕಿಯ ಹಿಟ್ಟು ಡಬ್ಬಿಯಲ್ಲಿ ಸಿದ್ಧವಿದ್ದರೆ ಬೆಂಕಿಯೇ ಬೇಡ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಮಗುವೇ ಕಿವುಚಲಿ, ಹಿಟ್ಟನ್ನೂ ಚಿಟಿಕೆ ಏಲಕ್ಕಿಪುಡಿಯನ್ನೂ ಕಲಸಲಿ, ಮೇಲೆ ತುಪ್ಪ, ಹುರಿದ ಎಳ್ಳು, ಕಾಯಿತುರಿ. ಪಾಪುಟ್ಟು ಇದಕ್ಕಿಂತ ತುಸು ದೊಡ್ಡ ಕೆಲಸ. ಒಂದು ಲೋಟ ಅಕ್ಕಿತರಿಗೆ ಎರಡು ಲೋಟ ಹಾಲು ನೀರು ಬೆರೆಸಿ, ಕಾಯಿತುರಿ, ಉಪ್ಪು ಹಾಕಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ತಟ್ಟೆಗೆ ಸುರಿದು ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿದರಾಯಿತು. ನೂಪುಟ್ಟು ಮಾಡುವ ದಿನವಂತೂ ಒರಳು ಒತ್ತುವ ಸರದಿಗೆ ಮಕ್ಕಳಲ್ಲಿ ಜಗಳವೇ ನಡೆಯಲಿ. ಕಡಂಬುಟ್ಟಿನ ಉಂಡೆ ಕಟ್ಟುವಾಗ ಯಾರದು ದುಂಡಗಿದೆ ಎಂದು ನೋಡುವ ಪಂದ್ಯವನ್ನು ಆಡಿದವರು ಈಗ ಅಜ್ಜಂದಿರಾಗಿದ್ದಾರೆ. ಅವರನ್ನೇ ತೀರ್ಪುಗಾರರನ್ನಾಗಿ ಕೂರಿಸಿ.

ಮದ್ದುಸೊಪ್ಪಿನ ಗಿಡ ಇಲ್ಲದ ಮನೆಯವರು ನೆರೆಯವರ ಬೇಲಿಯಿಂದ ಗೆಣ್ಣಿರುವ ಕಡ್ಡಿಯೊಂದನ್ನು ಕೇಳಿ ತಂದು ಮಳೆಗಾಲದಲ್ಲಿಯೇ ನೆರಳಿರುವ ಕಡೆ ನೆಡಬಹುದು. ಕೇಳಿದರೆ ಕೊಡಗಿನಲ್ಲಿ ಅದನ್ನು ಇಲ್ಲವೆಂದವರನ್ನು ನಾನು ಕಂಡಿಲ್ಲ.