ಆಕ್ಸೆಲ್ (ಭೂಕೇಂದ್ರ ಯಾತ್ರೆ ಕಾದಂಬರಿಯ ಪಾತ್ರ)

ಆಕ್ಸೆಲ್ ಫ್ರೆಂಚ್ ಲೇಖಕ ಜೂಲ್ಸ್ ವರ್ನ್ (1828–1905) ರಚಿಸಿದ, ಭೂಮಿಯ ಕೇಂದ್ರದೆಡೆಗಿನ ಯಾತ್ರೆಯನ್ನು ವಸ್ತುವಾಗುಳ್ಳ ವೈಜ್ಞಾನಿಕ ಕಾದಂಬರಿಯ ನಿರೂಪಕ ಹಾಗೂ ಪ್ರಧಾನ ಪಾತ್ರಗಳಲ್ಲೊಬ್ಬ. ಈತ ಜರ್ಮನಿಯ ಹ್ಯಾಂಬರ್ಗ್ ನಗರದ ಖನಿಜಶಾಸ್ತ್ರ ಪ್ರಾಧ್ಯಾಪಕ ಓಟೊ ಲೀಡೆನ್‌ಬ್ರಾಕ್‌ನ ಸಹಾಯಕ. ತಂದೆತಾಯಿಯಿಲ್ಲದ ಈ ತರುಣನನ್ನು ಸಾಕಿದವನೂ ಲೀಡೆನ್‌ಬ್ರಾಕನೇ. ಸಾಹಸಕಥೆಗಳ ನಾಯಕರು ಸಾಮಾನ್ಯವಾಗಿ ನಿರ್ಭೀತರಾಗಿರುತ್ತಾರೆ. ಆಕ್ಸೆಲ್ ಮಾತ್ರ ಕಥೆಯ ಬಹುಭಾಗದಲ್ಲಿ ಹೆದರಿದವನು ಮತ್ತು ಹೆದರಿದ್ದೇನೆಂದು ಒಪ್ಪಿಕೊಳ್ಳುವವನು. ಅಪಾಯಕರ ಪಯಣದಲ್ಲಿ ಆತಂಕಗೊಂಡ ಜೊತೆಗಾರನಿಗೆ ಧೈರ್ಯ ತುಂಬುವ ಸನ್ನಿವೇಶಗಳು ಈ ಕಾದಂಬರಿಯ ಉದ್ದಕ್ಕೂ ಬರುತ್ತವೆ.

ಮೂಲದ ಫ್ರೆಂಚ್ ಪದವು ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಂಬ ಎಲ್ಲ ಸಂಬಂಧಗಳಿಗೂ ಸಲ್ಲುತ್ತದೆ. ಈ ಲೇಖನದಲ್ಲಿ ಅನುಕೂಲಕ್ಕಾಗಿ ಲೀಡೆನ್‌ಬ್ರಾಕ್‌ನನ್ನು ಆಕ್ಸೆಲ್‌ನ ಚಿಕ್ಕಪ್ಪ ಎಂದು ಕರೆಯಲಾಗಿದೆ.

ಹಿನ್ನೆಲೆ

ಕಾದಂಬರಿಯನ್ನು ಪ್ಯಾರಿಸ್‌ನ ಪ್ರಕಾಶಕ ಪಿಯೆರ್-ಜೂಲ್ ಹೆಟ್ಸೆಲ್ 1864ರ ನವೆಂಬರ್‌ನಲ್ಲಿ ಪ್ರಕಟಿಸಿದನು. ವರ್ನ್ ಇದನ್ನು ವಿಸ್ತರಿಸಿದ ಆವೃತ್ತಿ 1867ರಲ್ಲಿ ಹೊರಬಂದಿತು. ಎದುವಾರ್ ರಿಯು ಇದಕ್ಕೆ ಚಿತ್ರಗಳನ್ನು ರಚಿಸಿದನು.

ಕಥೆ 1863ರ ಮೇ 24ರ ಭಾನುವಾರ ಆರಂಭವಾಗುತ್ತದೆ. ಲೀಡೆನ್‌ಬ್ರಾಕ್ ಕೊಂಡು ತಂದ ಪ್ರಾಚೀನ ಐಸ್‌ಲ್ಯಾಂಡಿಕ್ ಹಸ್ತಪ್ರತಿಯೊಳಗಿಂದ ಗುಪ್ತಲಿಪಿಯ ಚರ್ಮದ ತುಂಡೊಂದು ಉದುರುತ್ತದೆ. ಅದು ಹದಿನಾರನೆಯ ಶತಮಾನದ ರಸವಾದಿ ಆರ್ನೆ ಸಾಕ್ನುಸೆಮ್ ಎಂಬ ಕಾಲ್ಪನಿಕ ವ್ಯಕ್ತಿಯ ಬರಹ. ಐಸ್‌ಲ್ಯಾಂಡಿನ ಸ್ನೆಫೆಲ್ಸ್ ಎಂಬ ಆರಿದ ಜ್ವಾಲಾಮುಖಿಯ ಬಾಯಿಯಿಂದ ಇಳಿದರೆ ಭೂಮಿಯ ಕೇಂದ್ರವನ್ನು ತಲುಪಬಹುದು ಎಂದು ಅದರಲ್ಲಿದೆ. ಜುಲೈ ತಿಂಗಳ ಮೊದಲ ದಿನಕ್ಕೆ ಮುನ್ನ ಸ್ಕಾರ್ಟಾರಿಸ್ ಶಿಖರದ ನೆರಳು ಯಾವ ಕುಳಿಯ ಮೇಲೆ ಬೀಳುವುದೋ ಅದೇ ದಾರಿ.

ಈ ಗೂಢಲಿಪಿಯನ್ನು ಬಿಡಿಸಿದವನು ಪ್ರಾಧ್ಯಾಪಕನಲ್ಲ, ಆಕ್ಸೆಲ್. ಸೆಕೆಗೆ ಆ ಹಾಳೆಯಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದಾಗ ಅಕ್ಷರಗಳನ್ನು ಹಿಂದುಮುಂದಾಗಿ ಓದಬೇಕೆಂಬುದು ಅವನಿಗೆ ಆಕಸ್ಮಿಕವಾಗಿ ಹೊಳೆಯುತ್ತದೆ. ಚಿಕ್ಕಪ್ಪನಿಗೆ ತಿಳಿದರೆ ತನ್ನನ್ನೂ ಎಳೆದುಕೊಂಡು ಹೊರಡುವನೆಂಬ ಭಯದಿಂದ ಅವನು ಅದನ್ನು ಸುಟ್ಟುಹಾಕಲು ಯೋಚಿಸುತ್ತಾನೆ. ಆದರೆ ಅರ್ಥ ತಿಳಿಯುವವರೆಗೆ ಮನೆಯಲ್ಲಿ ಯಾರಿಗೂ ಊಟವಿಲ್ಲವೆಂದು ಪ್ರಾಧ್ಯಾಪಕ ಹಠ ಹಿಡಿದಾಗ, ಹಸಿವು ತಾಳಲಾರದೆ ಗುಟ್ಟನ್ನು ಬಿಟ್ಟುಕೊಡುತ್ತಾನೆ.

ಆತಂಕದ ಸ್ವರೂಪ

ಆಕ್ಸೆಲ್‌ನ ಭಯ ಅಜ್ಞಾನದಿಂದ ಹುಟ್ಟಿದ್ದಲ್ಲ. ಅವನು ಭೂವಿಜ್ಞಾನ ಬಲ್ಲವನು. ಪ್ರತಿ 70 ಅಡಿ ಆಳಕ್ಕೆ ಉಷ್ಣತೆ ಒಂದು ಡಿಗ್ರಿಯಷ್ಟು ಏರುತ್ತದೆ, ಈ ಲೆಕ್ಕದಲ್ಲಿ ಭೂಕೇಂದ್ರದಲ್ಲಿ ಎರಡು ಲಕ್ಷ ಡಿಗ್ರಿಗೂ ಮಿಕ್ಕ ತಾಪವಿರಬೇಕು, ಅಲ್ಲಿ ಶಿಲೆಯೂ ಲೋಹವೂ ಆವಿಯಾಗಿರಬೇಕು ಎಂಬುದು ಅವನ ವಾದ. ಅವನಿಗೆ ಎತ್ತರದ ಸ್ಥಳಗಳಲ್ಲಿ ತಲೆಸುತ್ತು ಬರುವ ದೌರ್ಬಲ್ಯವೂ ಇದೆ.

ಲೀಡೆನ್‌ಬ್ರಾಕ್‌ನ ಸ್ವಭಾವ ಇದಕ್ಕೆ ವಿರುದ್ಧವಾದುದು. ಅವನು ವಿದ್ವಾಂಸ, ಆದರೆ ತಾಳ್ಮೆಯಿಲ್ಲದವನು. ಕುಂಡದ ಗಿಡಗಳು ಬೇಗ ಬೆಳೆಯಲೆಂದು ಅವುಗಳ ಎಲೆಗಳನ್ನು ಎಳೆಯುವವನು ಎಂದು ಆಕ್ಸೆಲ್ ಅವನನ್ನು ಹಾಸ್ಯವಾಗಿ ವರ್ಣಿಸುತ್ತಾನೆ. ಆಕ್ಸೆಲ್ ಪ್ರೀತಿಸುವ ಗ್ರೌಬೆನ್ ಎಂಬ ತರುಣಿ ಈ ಪಯಣವನ್ನು ತಡೆಯುವಳೆಂದು ಅವನು ಆಶಿಸಿರುತ್ತಾನೆ. ಅವಳಾದರೋ ಹೋಗಿ ಬರುವಂತೆ ಅವನನ್ನೇ ಹುರಿದುಂಬಿಸುತ್ತಾಳೆ.

ಧೈರ್ಯ ತುಂಬುವ ಸನ್ನಿವೇಶಗಳು

ವಾದದ ಮೂಲಕ

ಆರಂಭದಲ್ಲಿ ಪ್ರಾಧ್ಯಾಪಕ ಭಯವನ್ನು ತರ್ಕದಿಂದ ನಿವಾರಿಸಲು ಯತ್ನಿಸುತ್ತಾನೆ. ಭೂಮಿಯ ಒಳಭಾಗ ಕರಗಿದ ದ್ರವವಲ್ಲವೆಂದು ವಾದಿಸುವಾಗ ಅವನು ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯನ್ನು ಸಾಕ್ಷಿಯಾಗಿ ಕರೆಯುತ್ತಾನೆ. ನೀರು ತಗುಲಿದಾಗ ಉರಿಯುವ ಲೋಹಗಳಿಂದ ಜ್ವಾಲಾಮುಖಿಯ ಶಾಖ ಹುಟ್ಟುತ್ತದೆ ಎಂಬ ಊಹೆಯನ್ನು ಡೇವಿ ಮಂಡಿಸಿದ್ದುದು ನಿಜ. ಐಸ್‌ಲ್ಯಾಂಡಿನಲ್ಲಿ, ಸ್ನೆಫೆಲ್ಸ್ ಮತ್ತೆ ಸಿಡಿದರೇನು ಗತಿಯೆಂದು ಆಕ್ಸೆಲ್ ಕೇಳುತ್ತಾನೆ. ಚಿಕ್ಕಪ್ಪ ಅವನನ್ನು ಬೈಯುವುದಿಲ್ಲ. ನೆಲದಿಂದ ಏಳುವ ಹಬೆಯ ಬಳಿಗೆ ಕರೆದೊಯ್ದು, ಸ್ಫೋಟಕ್ಕೆ ಮುನ್ನ ಈ ಹಬೆಯ ರಭಸ ಹೆಚ್ಚುತ್ತದೆ, ಈಗ ಅದು ಎಂದಿನಂತಿರುವುದರಿಂದ ಅಪಾಯವಿಲ್ಲ ಎಂದು ವಿವರಿಸುತ್ತಾನೆ. ವಾದದಲ್ಲಿ ಸೋತರೂ ಆಕ್ಸೆಲ್‌ನ ಭಯ ಉಳಿಯುತ್ತದೆ.

ಅಭ್ಯಾಸದ ಮೂಲಕ

ಐಸ್‌ಲ್ಯಾಂಡಿಗೆ ಹಡಗು ಹೊರಡುವ ಮೊದಲು ಅವರು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ತಂಗುತ್ತಾರೆ. ಅಲ್ಲಿನ ವೋರ್ ಫ್ರೆಲ್ಸರ್ಸ್ ಚರ್ಚಿನ ಗೋಪುರಕ್ಕೆ ಪ್ರಾಧ್ಯಾಪಕ ಆಕ್ಸೆಲ್‌ನನ್ನು ಹತ್ತಿಸುತ್ತಾನೆ. 1752ರಲ್ಲಿ ಪೂರ್ಣಗೊಂಡ ಈ ಗೋಪುರ ಇಂದಿಗೂ ಇದೆ. ಇದರ ಸುಮಾರು 400 ಮೆಟ್ಟಿಲುಗಳಲ್ಲಿ ಕೊನೆಯ 150 ಗೋಪುರದ ಹೊರಮೈಯನ್ನು ಸುರುಳಿಯಾಗಿ ಸುತ್ತಿಕೊಂಡು ಬಯಲಿನಲ್ಲಿ ಸಾಗುತ್ತವೆ. ಆಕ್ಸೆಲ್ ಮಂಡಿಯೂರಿ, ಕಣ್ಣುಮುಚ್ಚಿ ತೆವಳುತ್ತ ತುದಿ ಸೇರುತ್ತಾನೆ. ಕೆಳಗೆ ನೋಡಬೇಕೆಂದು ಚಿಕ್ಕಪ್ಪ ಒತ್ತಾಯಿಸುತ್ತಾನೆ. ಪಾತಾಳವನ್ನು ನೋಡಲು ಕಲಿಸುವ ಈ ಪಾಠ ಐದು ದಿನ ನಡೆಯುತ್ತದೆ. ವಿಧಾನ ಕಠೋರವಾದರೂ ಆಕ್ಸೆಲ್ ಕ್ರಮೇಣ ಪಳಗುತ್ತಾನೆ.

ತ್ಯಾಗದ ಮೂಲಕ

ಭೂಗರ್ಭದಲ್ಲಿ ಕವಲುದಾರಿ ಎದುರಾದಾಗ ಪ್ರಾಧ್ಯಾಪಕ ತಪ್ಪು ಸುರಂಗವನ್ನು ಆರಿಸುತ್ತಾನೆ. ದಾರಿ ಮುಚ್ಚಿಹೋಗಿ, ಹಿಂದಿರುಗುವಷ್ಟರಲ್ಲಿ ನೀರು ಮುಗಿಯುತ್ತದೆ. ಬಾಯಾರಿಕೆಯಿಂದ ಆಕ್ಸೆಲ್ ಕುಸಿದಾಗ, ಇಲ್ಲಿಯವರೆಗೆ ಗದರುತ್ತಲೇ ಬಂದ ಚಿಕ್ಕಪ್ಪ ಅವನನ್ನು ತೋಳಿನಲ್ಲಿ ಎತ್ತಿಕೊಂಡು ಕೊನೆಯ ಗುಟುಕು ನೀರನ್ನು ಕುಡಿಸುತ್ತಾನೆ. ತಾನೂ ಬಾಯಾರಿ ಬಳಲುತ್ತಿದ್ದರೂ ಈ ಗಳಿಗೆಗಾಗಿ ಅದನ್ನು ಮುಟ್ಟದೆ ಕಾಯ್ದಿಟ್ಟಿದ್ದನೆಂದು ಆಗ ತಿಳಿಯುತ್ತದೆ.

ಹಿಂದಿರುಗೋಣವೆಂದು ಆಕ್ಸೆಲ್ ಬೇಡಿದಾಗ, ನೀನು ಹಾನ್ಸ್ ಜೊತೆ ಮೇಲಕ್ಕೆ ಹೋಗು, ನಾನು ಒಬ್ಬನೇ ಮುಂದುವರಿಯುತ್ತೇನೆ ಎನ್ನುತ್ತಾನೆ ಪ್ರಾಧ್ಯಾಪಕ. ಆಕ್ಸೆಲ್ ಅವನನ್ನು ಬಿಟ್ಟುಹೋಗಲು ಒಪ್ಪುವುದಿಲ್ಲ. ಕೊನೆಗೆ ಪ್ರಾಧ್ಯಾಪಕ ಒಂದು ಗಡುವನ್ನು ಮುಂದಿಡುತ್ತಾನೆ. ನೆಲ ಕಾಣದೆ ದಂಗೆಯೇಳಲಿದ್ದ ನಾವಿಕರ ಬಳಿ ಕೊಲಂಬಸ್ ಮೂರು ದಿನ ಕೇಳಿದನಂತೆ, ತಾನು ಕೇಳುವುದು ಒಂದೇ ದಿನ. ಅಷ್ಟರಲ್ಲಿ ನೀರು ಸಿಗದಿದ್ದರೆ ಎಲ್ಲರೂ ಹಿಂದಿರುಗೋಣ. ಕೊನೆಯಿಲ್ಲದ ಭಯಕ್ಕೆ ಒಂದು ಕೊನೆ ಗೊತ್ತಾದಾಗ ಆಕ್ಸೆಲ್ ಒಪ್ಪುತ್ತಾನೆ.

ಧ್ವನಿಯ ಮೂಲಕ

ಮುಂದೆ ಆಕ್ಸೆಲ್ ಜೊತೆಗಾರರಿಂದ ಬೇರ್ಪಟ್ಟು ದಾರಿ ತಪ್ಪುತ್ತಾನೆ. ಬಿದ್ದ ದೀಪ ಕೆಟ್ಟು, ಮೆಲ್ಲನೆ ಮಂಕಾಗಿ ಆರಿಹೋಗುತ್ತದೆ. ಆ ಗಾಢಾಂಧಕಾರದಲ್ಲಿ ಗೋಡೆಗೆ ಕಿವಿಯಿಟ್ಟಾಗ ದೂರದ ಮಾತು ಕೇಳಿಸುತ್ತದೆ. ಸುರಂಗದ ರಚನೆಯಿಂದಾಗಿ ಗೋಡೆಯ ಬಳಿ ಆಡಿದ ಮಾತು ಹಲವು ಕಿಲೋಮೀಟರ್ ಸಾಗುತ್ತಿರುತ್ತದೆ. ಬಿಜಾಪುರದ ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯನ್ನು ಕಂಡವರಿಗೆ ಇಂತಹ ವಿದ್ಯಮಾನದ ಪರಿಚಯವಿರುತ್ತದೆ.

ಚಿಕ್ಕಪ್ಪ ಆಗ ಮಾಡುವ ಮೊದಲ ಕೆಲಸ ದೂರವನ್ನು ಅಳೆಯುವುದು. ತಾನು ಹೆಸರು ಕೂಗುವುದು, ಕೇಳಿಸಿದೊಡನೆ ಆಕ್ಸೆಲ್ ಅದನ್ನೇ ಮರುನುಡಿಯುವುದು, ನಡುವಿನ ಕಾಲವನ್ನು ಗಡಿಯಾರದಲ್ಲಿ ಎಣಿಸುವುದು. ಲೆಕ್ಕ 40 ಸೆಕೆಂಡು ಬರುತ್ತದೆ. ಅಂದರೆ ಶಬ್ದ ಒಂದು ದಿಕ್ಕಿಗೆ ಸಾಗಲು 20 ಸೆಕೆಂಡು. ಸೆಕೆಂಡಿಗೆ 1,020 ಅಡಿಯಂತೆ 20,400 ಅಡಿ ದೂರ. ಕಾದಂಬರಿಯಲ್ಲಿ ಬಳಕೆಯಾದುದು ಹಳೆಯ ಫ್ರೆಂಚ್ ಅಡಿಯಾದ್ದರಿಂದ ಇದು ಸುಮಾರು 6.6 ಕಿ.ಮೀ. ಆಗುತ್ತದೆ. ಸುರಂಗಗಳೆಲ್ಲವೂ ತಾವಿರುವ ವಿಶಾಲ ಗುಹೆಗೇ ಬಂದು ಸೇರುತ್ತವೆ, ಕೆಳಮುಖವಾಗಿ ನಡೆದು ಬಾ, ತೋಳು ಚಾಚಿ ಕಾಯುತ್ತಿರುತ್ತೇವೆ ಎಂದು ಅವನು ತಿಳಿಸುತ್ತಾನೆ. ದೂರವೆಷ್ಟು, ದಾರಿ ಯಾವುದು, ಕೊನೆಯಲ್ಲಿ ಯಾರಿದ್ದಾರೆ ಎಂಬ ಮೂರು ಸಂಗತಿಗಳು ತಿಳಿದೊಡನೆ ಆಕ್ಸೆಲ್‌ಗೆ ಎದ್ದು ನಡೆಯುವ ಶಕ್ತಿ ಬರುತ್ತದೆ.

ಸತ್ಯದ ಮೂಲಕ

ಕಥೆಯ ಅಂತ್ಯಭಾಗದಲ್ಲಿ ಪಯಣಿಗರ ತೆಪ್ಪ ಕಿರಿದಾದ ಕೊಳವೆಯೊಳಗೆ ಬಿಸಿನೀರಿನ ಮೇಲೆ ಏರತೊಡಗುತ್ತದೆ. ಉಳಿದ ಒಂದೇ ತುಂಡು ಒಣಮಾಂಸವನ್ನು ಚಿಕ್ಕಪ್ಪ ಮೂವರಿಗೂ ಹಂಚುತ್ತಾನೆ. ಹೃದಯ ಮಿಡಿಯುತ್ತಿರುವವರೆಗೆ ಮನುಷ್ಯ ಆಸೆ ಬಿಡಬಾರದೆಂಬುದು ಅವನ ನಿಲುವು. ಭೂಕಂಪವಾಗುತ್ತಿದೆಯೆಂದು ಆಕ್ಸೆಲ್ ಕೂಗಿದಾಗ, ಅಲ್ಲ, ಇದು ಜ್ವಾಲಾಮುಖಿಯ ಸ್ಫೋಟವೆಂದು ಚಿಕ್ಕಪ್ಪ ಶಾಂತವಾಗಿ ಹೇಳುತ್ತಾನೆ. ಅವನು ಅಪಾಯವನ್ನು ಮರೆಮಾಚುವುದಿಲ್ಲ; ಭೂಮಿಯ ಮೇಲ್ಮೈಗೆ ಮರಳಲು ಇರುವ ಏಕೈಕ ಅವಕಾಶವೂ ಅದೇ ಎಂದು ತೋರಿಸಿಕೊಡುತ್ತಾನೆ. ಮೂವರೂ ಇಟಲಿಯ ಸ್ಟ್ರಾಂಬೊಲಿ ದ್ವೀಪದ ಜ್ವಾಲಾಮುಖಿಯಿಂದ ಜೀವಂತವಾಗಿ ಹೊರಬೀಳುತ್ತಾರೆ.

ಹಾನ್ಸ್‌ನ ಪಾತ್ರ

ಐಸ್‌ಲ್ಯಾಂಡಿನ ಮಾರ್ಗದರ್ಶಿ ಹಾನ್ಸ್ ಬ್ಯೆಲ್ಕೆ ಈಡರ್ ಬಾತುಕೋಳಿಯ ಗರಿ ಸಂಗ್ರಹಿಸುವ ವೃತ್ತಿಯವನು. ಅವನು ಮಾತನಾಡುವುದೇ ಅಪರೂಪ. ಆದರೂ ಆಕ್ಸೆಲ್‌ಗೆ ಅವನ ಇರುವಿಕೆಯೇ ಧೈರ್ಯ. ನೀರಿಲ್ಲದ ಆ ರಾತ್ರಿ ಹಾನ್ಸ್ ದೀಪ ಹಿಡಿದು ಹೊರಟಾಗ, ಅವನು ತಮ್ಮನ್ನು ತೊರೆದನೆಂದು ಆಕ್ಸೆಲ್ ತಲ್ಲಣಿಸುತ್ತಾನೆ. ಮರುಕ್ಷಣವೇ ಅವನು ಮೇಲಕ್ಕಲ್ಲ, ಕೆಳಕ್ಕೆ ಹೋಗುತ್ತಿರುವುದನ್ನು ಗಮನಿಸಿ ತನ್ನ ಸಂದೇಹಕ್ಕೆ ನಾಚುತ್ತಾನೆ. ಹಾನ್ಸ್ ಬಂಡೆಯ ಹಿಂದೆ ಹರಿಯುವ ನೀರಿನ ಸದ್ದನ್ನು ಆಲಿಸಿ, ಹಾರೆಯಿಂದ ಗೋಡೆ ಕೊರೆದು ತೊರೆಯನ್ನು ಹೊರತರುತ್ತಾನೆ. ಆ ತೊರೆಗೆ ಅವನ ಹೆಸರಿನಿಂದಲೇ ಹಾನ್ಸ್‌ಬಾಖ್ ಎಂದು ಹೆಸರಿಡಲಾಗುತ್ತದೆ. ಪಾತಾಳದಲ್ಲಿಯೂ ಪ್ರತಿ ಶನಿವಾರ ಸಂಜೆ ತನ್ನ ವಾರದ ಕೂಲಿಯನ್ನು ಅವನು ತಪ್ಪದೆ ಪಡೆಯುತ್ತಾನೆ. ಮೇಲಿನ ಲೋಕದ ಆ ನಿತ್ಯದ ವ್ಯವಹಾರ ಸೂರ್ಯನಿಲ್ಲದ ಜಾಗದಲ್ಲಿಯೂ ಹಾಗೆಯೇ ಮುಂದುವರಿಯುತ್ತದೆ.

ಪಾತ್ರದ ಬದಲಾವಣೆ

ಭೂಗರ್ಭದ ಸಮುದ್ರದ ದಡದಲ್ಲಿ ಸಾಕ್ನುಸೆಮ್‌ನ ಹೆಸರಿನ ಮೊದಲಕ್ಷರಗಳು ಕಲ್ಲಿನಲ್ಲಿ ಕೆತ್ತಿರುವುದು ಕಂಡಾಗ ಆಕ್ಸೆಲ್‌ನ ಸ್ವಭಾವ ತಿರುಗುತ್ತದೆ. ಮುಂದಿನ ಸುರಂಗವನ್ನು ಬಂಡೆಯೊಂದು ಮುಚ್ಚಿದ್ದರೆ ಅದನ್ನು ಸಿಡಿಸೋಣವೆಂದು ಒತ್ತಾಯಿಸುವವನು ಅವನೇ; ಸಿಡಿಮದ್ದಿನ ಬತ್ತಿಗೆ ಬೆಂಕಿ ಹಚ್ಚುವವನೂ ಅವನೇ. ಚಿಕ್ಕಪ್ಪನ ಚೇತನ ತನ್ನೊಳಗೆ ಹೊಕ್ಕಿತೆಂದು ಅವನು ಹೇಳಿಕೊಳ್ಳುತ್ತಾನೆ. ಆ ಸ್ಫೋಟದ ಪರಿಣಾಮವಾಗಿಯೇ ಅವರು ಜ್ವಾಲಾಮುಖಿಯ ಕೊಳವೆಗೆ ಸಿಲುಕುತ್ತಾರೆ. ಭಯದಂತೆ ಅತಿಧೈರ್ಯಕ್ಕೂ ಬೆಲೆಯಿದೆ ಎಂಬುದನ್ನು ವರ್ನ್ ಹೀಗೆ ಸೂಚಿಸುತ್ತಾನೆ.

ಹ್ಯಾಂಬರ್ಗಿಗೆ ಮರಳಿದ ಮೇಲೆ ಪಾತ್ರಗಳು ಅದಲುಬದಲಾಗುತ್ತವೆ. ಪ್ರಯಾಣದಲ್ಲಿ ದಿಕ್ಸೂಚಿ ತಪ್ಪು ದಿಕ್ಕು ತೋರಿದ್ದು ಏಕೆಂಬ ಒಗಟು ಬಿಡಿಸಲಾರದೆ ಪ್ರಾಧ್ಯಾಪಕ ಕೊರಗುತ್ತಿರುತ್ತಾನೆ. ಒಂದು ದಿನ ಆಕ್ಸೆಲ್ ಆ ದಿಕ್ಸೂಚಿಯ ಮುಳ್ಳು ಉತ್ತರದ ಬದಲು ದಕ್ಷಿಣಕ್ಕೆ ತಿರುಗಿರುವುದನ್ನು ಗಮನಿಸುತ್ತಾನೆ. ಬಿರುಗಾಳಿಯಲ್ಲಿ ತೆಪ್ಪದ ಮೇಲೆರಗಿದ ವಿದ್ಯುತ್ತಿನ ಬೆಂಕಿಯುಂಡೆ ಅದರ ಧ್ರುವಗಳನ್ನು ಅದಲುಬದಲು ಮಾಡಿತ್ತು. ಕೊನೆಯಲ್ಲಿ ಗುರುವಿನ ಮನಸ್ಸಿಗೆ ನೆಮ್ಮದಿ ಕೊಟ್ಟವನು ಅಂಜುಬುರುಕನೆನಿಸಿದ್ದ ಶಿಷ್ಯನೇ. ಆಕ್ಸೆಲ್ ಗ್ರೌಬೆನ್‌ಳನ್ನು ಮದುವೆಯಾಗುತ್ತಾನೆ.

ವೈಜ್ಞಾನಿಕ ಸತ್ಯಾಸತ್ಯತೆ

ಇಂದಿನ ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಚಿಕ್ಕಪ್ಪನ ಸಮಾಧಾನಕ್ಕಿಂತ ಆಕ್ಸೆಲ್‌ನ ಭಯವೇ ಸತ್ಯಕ್ಕೆ ಹತ್ತಿರ. ಭೂಮಿಯ ಮೇಲ್ಪದರದಲ್ಲಿ ಪ್ರತಿ ಕಿಲೋಮೀಟರಿಗೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಏರುತ್ತದೆ. ಆದರೆ ಆಳಕ್ಕೆ ಹೋದಂತೆ ಈ ಏರಿಕೆ ನಿಧಾನವಾಗುವುದರಿಂದ ಎರಡು ಲಕ್ಷ ಡಿಗ್ರಿಯ ಅವನ ಲೆಕ್ಕ ಸರಿಯಲ್ಲ. 6,371 ಕಿ.ಮೀ. ಆಳದ ಭೂಕೇಂದ್ರದಲ್ಲಿ ಸುಮಾರು 5,000ದಿಂದ 6,000 ಡಿಗ್ರಿ ತಾಪವಿದೆಯೆಂದು ಅಂದಾಜು. ಭೂಮಿಗೆ ಒಳತಿರುಳು ಇದೆಯೆಂದು ಡೆನ್ಮಾರ್ಕಿನ ವಿಜ್ಞಾನಿ ಇಂಗೆ ಲೇಮನ್ 1936ರಲ್ಲಿ ಭೂಕಂಪದ ಅಲೆಗಳ ಆಧಾರದಿಂದ ತೋರಿಸಿದರು.

ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ ಕೊರೆದ ಬಾವಿ 1989ರಲ್ಲಿ 12,262 ಮೀಟರ್ ಆಳ ತಲುಪಿತು. ಅಲ್ಲಿ ಸುಮಾರು 180 ಡಿಗ್ರಿ ಶಾಖವಿದ್ದು, ಮುಂದೆ ಕೊರೆಯುವುದು ಅಸಾಧ್ಯವಾಯಿತು. ಕರ್ನಾಟಕದ ಕೋಲಾರ ಚಿನ್ನದ ಗಣಿಗಳಲ್ಲಿ 3 ಕಿ.ಮೀ.ಗೂ ಹೆಚ್ಚು ಆಳದಲ್ಲಿ ಕೆಲಸ ಮಾಡಿದ ಕಾರ್ಮಿಕರಿಗೂ ಈ ಶಾಖದ ಅನುಭವವಿತ್ತು. ಅಲ್ಲಿ ಶಿಲೆಯ ಉಷ್ಣತೆ 60 ಡಿಗ್ರಿ ದಾಟಿತ್ತು. ಕಾದಂಬರಿಯಲ್ಲಿಯೂ ಯಾರೂ ಭೂಕೇಂದ್ರವನ್ನು ತಲುಪುವುದಿಲ್ಲ. ಪ್ರಾಧ್ಯಾಪಕನ ವಾದಗಳನ್ನು ಕಾಲ ಅಳಿಸಿಹಾಕಿದೆ. ಆದರೆ ಅವನು ಕಾಯ್ದಿಟ್ಟ ಗುಟುಕು ನೀರಿಗೂ ಕತ್ತಲೆಯಲ್ಲಿ ಎಣಿಸಿದ 40 ಸೆಕೆಂಡುಗಳಿಗೂ ಆ ಗತಿ ಬಂದಿಲ್ಲ.

ಅನುವಾದ ಮತ್ತು ರೂಪಾಂತರಗಳು

1871ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದ ಮೂಲವನ್ನು ಬಹಳಷ್ಟು ಬದಲಿಸಿತು. ಅದರಲ್ಲಿ ಆಕ್ಸೆಲ್ ಹ್ಯಾರಿ ಆಗಿಯೂ ಲೀಡೆನ್‌ಬ್ರಾಕ್ ಹಾರ್ಡ್‌ವಿಗ್ ಆಗಿಯೂ ಕಾಣಿಸಿಕೊಳ್ಳುತ್ತಾರೆ. ಹಳೆಯ ಇಂಗ್ಲಿಷ್ ಪ್ರತಿಗಳನ್ನು ಓದುವ ವಿದ್ಯಾರ್ಥಿಗಳು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಹೆನ್ರಿ ಲೆವಿನ್ ನಿರ್ದೇಶನದ 1959ರ ಚಲನಚಿತ್ರದಲ್ಲಿ ಕಥೆಯನ್ನು ಸ್ಕಾಟ್ಲೆಂಡಿನ ಎಡಿನ್‌ಬರೊ ನಗರಕ್ಕೆ ಸ್ಥಳಾಂತರಿಸಲಾಗಿದೆ. ಜೇಮ್ಸ್ ಮೇಸನ್ ಪ್ರಾಧ್ಯಾಪಕನಾಗಿಯೂ ಪ್ಯಾಟ್ ಬೂನ್ ಅವನ ವಿದ್ಯಾರ್ಥಿಯಾಗಿಯೂ ನಟಿಸಿದ್ದಾರೆ. ಬ್ರೆಂಡನ್ ಫ್ರೇಸರ್ ನಟಿಸಿದ 2008ರ ತ್ರಿಆಯಾಮ ಚಿತ್ರದಲ್ಲಿ ಚಿಕ್ಕಪ್ಪ ಹಾಗೂ ಹದಿಹರೆಯದ ಹುಡುಗನ ಸಂಬಂಧ ಉಳಿದುಕೊಂಡಿದ್ದು, ಮಾರ್ಗದರ್ಶಿಯ ಸ್ಥಾನದಲ್ಲಿ ಹ್ಯಾನಾ ಎಂಬ ತರುಣಿ ಇದ್ದಾಳೆ.